ಕಾರ್ಲ್ ಪಾಲ್ ಲಿಂಕ್: ಕೆಟ್ಟ ಮೇವಿನಲ್ಲಿ ಔಷಧ ಕಂಡ ರಸಾಯನಜ್ಞ

ರಕ್ತವು ಹೆಪ್ಪುಗಟ್ಟುವುದು ಪ್ರಾಣಿಮಾತ್ರಕ್ಕೆ ಪ್ರಕೃತಿಯಿತ್ತ ರಕ್ಷೆ. ಸುಗ್ಗಿಯಲ್ಲಿ ಕುಡಗೋಲು ತಗಲಿ ಬೆರಳು ಕೊಯ್ದರೆ, ಸ್ವಲ್ಪ ಹೊತ್ತಿನಲ್ಲಿ ರಕ್ತವು ತಾನೇ ಗಟ್ಟಿಯಾಗಿ ಗಾಯದ ಬಾಯಿ ಮುಚ್ಚುತ್ತದೆ. ಆದರೆ ಈ ರಕ್ಷೆಯೇ ಸ್ಥಳ ತಪ್ಪಿದರೆ ಮೃತ್ಯುವಾಗುತ್ತದೆ. ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಕ್ಕೆ ಅಭಿಧಮನಿ ಎಂದು ಹೆಸರು. ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದವರಲ್ಲಿ, ಎಲುಬು ಮುರಿದು ಮಲಗಿದವರಲ್ಲಿ, ಕೆಲವು ಬಾಣಂತಿಯರಲ್ಲಿ, ಕಾಲಿನ ಆಳದ ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟುವುದುಂಟು. ಕಾಲು ಬಾತು ನೋಯುತ್ತದೆ. ಆ ಹೆಪ್ಪಿನ ತುಣುಕು ಕಳಚಿ ರಕ್ತದೊಡನೆ ಹರಿದು ಶ್ವಾಸಕೋಶದ ನಾಳವನ್ನು ಅಡ್ಡಗಟ್ಟಿದರೆ, ನಿನ್ನೆ ಎದ್ದು ಕುಳಿತು ಮಾತಾಡಿದ ರೋಗಿ ಇಂದು ಉಸಿರು ಸಿಕ್ಕದೆ ತೀರಿಕೊಳ್ಳುತ್ತಾನೆ. ಕಾಲಿನ ಹೆಪ್ಪಿಗೂ ಶ್ವಾಸಕೋಶದ ಆಘಾತಕ್ಕೂ ಇರುವ ಈ ಸಂಬಂಧವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ತೋರಿಸಿಕೊಟ್ಟನು. ಕಾರಣ ತಿಳಿಯಿತು, ನುಂಗಿಸಬಲ್ಲ ಮದ್ದು ಮಾತ್ರ ಇರಲಿಲ್ಲ. ಆ ಮದ್ದನ್ನು ಕಂಡು ಕೊಟ್ಟವನು ವೈದ್ಯನಲ್ಲ. ಒಕ್ಕಲುತನದ ಕಾಲೇಜಿನಲ್ಲಿ ರಸಾಯನ ಕಲಿಸುತ್ತಿದ್ದ ಒಬ್ಬ ಪ್ರಾಧ್ಯಾಪಕ. ಆತನೇ ಕಾರ್ಲ್ ಪಾಲ್ ಲಿಂಕ್.

ಲಿಂಕನು ೧೯೦೧ನೆಯ ಇಸವಿ ಜನವರಿ ೩೧ರಂದು ಅಮೆರಿಕದ ಇಂಡಿಯಾನಾ ಸಂಸ್ಥಾನದ ಲಾ ಪೋರ್ಟ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಲೂಥರನ ಪಂಥದ ಪಾದ್ರಿ. ಹತ್ತು ಮಕ್ಕಳ ಮನೆಯಲ್ಲಿ ಈತನು ಎಂಟನೆಯವನು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ರಸಾಯನವನ್ನು ಅಭ್ಯಸಿಸಿ ೧೯೨೫ರಲ್ಲಿ ಡಾಕ್ಟರೇಟ್ ಪಡೆದನು. ಬಳಿಕ ಯುರೋಪಿಗೆ ಹೋಗಿ, ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಅರ್ವಿನ್, ಆಸ್ಟ್ರಿಯದಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಫ್ರಿಟ್ಸ್ ಪ್ರೆಗ್ಲ್, ಸ್ವಿಟ್ಜರ್ಲೆಂಡಿನಲ್ಲಿ ಪಾಲ್ ಕಾರರ್ ಇವರ ಪ್ರಯೋಗಶಾಲೆಗಳಲ್ಲಿ ದುಡಿದನು. ಗುಂಜಿಯಷ್ಟು ವಸ್ತುವನ್ನು ಸಹ ತೂಗಿ ಅಳೆದು ಅದರ ಘಟಕಗಳನ್ನು ಹೇಳುವ ಸೂಕ್ಷ್ಮ ವಿಶ್ಲೇಷಣೆಯನ್ನು ಪ್ರೆಗ್ಲನಿಂದ ಕಲಿತುದು ಮುಂದೆ ಆತನ ಕೈಹಿಡಿಯಿತು. ಅದೇ ಪ್ರವಾಸದಲ್ಲಿ ಕ್ಷಯರೋಗವೂ ತಗಲಿತು. ಅದು ಸಹ ಮುಂದೆ ಆತನ ಜೀವನದಲ್ಲಿ ತನ್ನ ಪಾತ್ರವನ್ನು ವಹಿಸಿತು. ೧೯೨೭ರಲ್ಲಿ ವಿಸ್ಕಾನ್ಸಿನ್ನಿಗೆ ಮರಳಿ ಮ್ಯಾಡಿಸನ್ ನಗರದಲ್ಲಿ ಅಧ್ಯಾಪಕನಾಗಿ ನಿಂತನು.

ಆ ಕಾಲದಲ್ಲಿ ಉತ್ತರ ಅಮೆರಿಕದ ಒಕ್ಕಲಿಗರನ್ನು ಒಂದು ವಿಚಿತ್ರ ರೋಗವು ಕಾಡುತ್ತಿತ್ತು. ಬಡ ಭೂಮಿಯಲ್ಲಿಯೂ ಬೆಳೆಯುವ ಸ್ವೀಟ್ ಕ್ಲೋವರ್ ಎಂಬ ಸಿಹಿವಾಸನೆಯ ಮೇವನ್ನು ಅವರು ಹೊಸದಾಗಿ ಬೆಳೆಯತೊಡಗಿದ್ದರು. ಮಳೆಗೆ ತೊಯ್ದು ಬಣವಿಯಲ್ಲಿ ಬೂಷ್ಟು ಹಿಡಿದ ಆ ಮೇವನ್ನು ತಿಂದ ದನಗಳು, ಕೋಡು ಕೊಯ್ದಾಗ, ಬೀಜ ಒಡೆದಾಗ, ಕೆಲವೊಮ್ಮೆ ಯಾವ ಗಾಯವೂ ಇಲ್ಲದೆ, ರಕ್ತ ನಿಲ್ಲದೆ ಸಾಯುತ್ತಿದ್ದವು. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡನು ೧೯೨೦ರ ದಶಕದ ಮೊದಲಲ್ಲಿ ಕಾರಣವನ್ನು ಗುರುತಿಸಿದನು. ಒಳ್ಳೆಯ ಮೇವು ತಿಂದ ಮೊಲಗಳು ಬದುಕಿದವು. ಕೆಟ್ಟುದನ್ನು ತಿಂದವು ರಕ್ತಸ್ರಾವದಿಂದ ಸತ್ತವು. ಉತ್ತರ ಡಕೋಟದ ಲೀ ರೋಡೆರಿಕನು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಎಂಬ ದ್ರವ್ಯವು ಈ ದನಗಳಲ್ಲಿ ಕಡಿಮೆಯಾಗುವುದನ್ನು ತೋರಿಸಿದನು. ಮೇವಿನೊಳಗಿನ ವಿಷವಾವುದು ಎಂಬುದು ಮಾತ್ರ ತಿಳಿಯದೆ ಉಳಿಯಿತು.

ಕೋಟುಮಚಗಿಯಂಥ ಎರೆಭೂಮಿಯ ಊರುಗಳಲ್ಲಿ ಹುಟ್ಟಿದ ನಮಗೆ ಇದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವೀಟ್ ಕ್ಲೋವರ್ ನಮ್ಮ ಹೊಲಗಳ ಬೆಳೆಯಲ್ಲ. ಆದರೆ ಅಕಾಲದ ಮಳೆಗೆ ಕಣಿಕೆಯ ಬಣವಿ ತೊಯ್ದರೆ, ದನಗಳಿಗೆ ಏನು ಹಾಕುವುದೆಂಬ ಚಿಂತೆ ಯಾವ ದೇಶದ ಒಕ್ಕಲಿಗನಿಗಾದರೂ ಒಂದೇ. ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಮುಗ್ಗಟ್ಟಿನ ದಿನಗಳು. ಬೇರೆ ಮೇವು ಕೊಳ್ಳಲು ರೈತರ ಕೈಯಲ್ಲಿ ಕಾಸಿರಲಿಲ್ಲ. ಕೆಟ್ಟಿದೆಯೆಂದು ಕಂಡರೂ ಅದನ್ನೇ ಹಾಕುತ್ತಿದ್ದರು.

ಹೀಗಿರಲು ೧೯೩೩ರ ಫೆಬ್ರವರಿಯ ಒಂದು ಶನಿವಾರ, ಹಿಮಗಾಳಿ ಬೀಸುತ್ತಿರುವಾಗ, ಡೀರ್ ಪಾರ್ಕ್ ಎಂಬ ಊರಿನ ಒಕ್ಕಲಿಗ ಎಡ್ ಕಾರ್ಲ್ಸನ್ ತನ್ನ ಟ್ರಕ್ಕಿನಲ್ಲಿ ಮ್ಯಾಡಿಸನ್ನಿಗೆ ಬಂದನು. ದಾರಿ ಸುಮಾರು ೧೯೦ ಮೈಲಿ. ಗದಗದಿಂದ ಹುಬ್ಬಳ್ಳಿಗೆ ಇರುವ ದಾರಿಯ ಐದರಷ್ಟು. ಡಿಸೆಂಬರದಿಂದ ಆತನ ಕೊಟ್ಟಿಗೆಯಲ್ಲಿ ಕಡಸುಗಳು ಸಾಯತೊಡಗಿದ್ದವು; ಹೋರಿಯ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಆತನು ತಂದದ್ದು ಸತ್ತ ಒಂದು ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಸುಮಾರು ೧೦೦ ಪೌಂಡು ಕೆಟ್ಟ ಮೇವು. ಪಶುವೈದ್ಯರ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದ ಕಟ್ಟಡವೆಂದರೆ ರಸಾಯನ ಶಾಸ್ತ್ರದ್ದು. ಅಲ್ಲಿ ಇದ್ದವನು ಲಿಂಕ್.

ಲಿಂಕನು ಅಂದು ಕಾರ್ಲ್ಸನ್ನನಿಗೆ ಕೊಡಬಲ್ಲ ನೆರವು ಅತ್ಯಲ್ಪವಾಗಿತ್ತು. ಆ ಮೇವನ್ನು ನಿಲ್ಲಿಸಬೇಕು, ಸಾಧ್ಯವಾದರೆ ದನಗಳಿಗೆ ಬೇರೆ ದನಗಳ ರಕ್ತವನ್ನು ಏರಿಸಬೇಕು ಎಂದಷ್ಟೇ ಹೇಳಿದನು. ಆ ರೈತನು ಬಂದಂತೆಯೇ ಹಿಮದಲ್ಲಿ ಹಿಂದಿರುಗಿದನು. ಆತನ ದನಗಳಿಗೆ ಪ್ರಯೋಗಶಾಲೆಯಿಂದ ಏನೂ ಪ್ರಯೋಜನವಾಗಲಿಲ್ಲ. ಆದರೆ ಆತನು ಬಿಟ್ಟುಹೋದ ರಕ್ತವನ್ನೂ ಮೇವನ್ನೂ ಲಿಂಕನೂ ಆತನ ಜರ್ಮನ್ ಸಹಾಯಕ ಶೊಫೆಲನೂ ಬದಿಗಿರಿಸಲಿಲ್ಲ. ಆ ರಾತ್ರಿಯೇ ಕೆಲಸ ಹಿಡಿದರು. ಸ್ವೀಟ್ ಕ್ಲೋವರಿನ ತಳಿಗಳ ವಿಷಯದಲ್ಲಿ ಲಿಂಕನು ಅದಕ್ಕೆ ಮುಂಚೆಯೇ ಆಸಕ್ತನಾಗಿದ್ದನು. ಈಗ ಮಾತ್ರ ಆ ಆಸಕ್ತಿ ಒಂದು ಹಟವಾಯಿತು.

ಆ ಹಟಕ್ಕೆ ಫಲ ಬರಲು ಆರು ವರ್ಷಗಳು ಹಿಡಿದವು. ಮೇವಿನ ಸಾರವನ್ನು ಒಂದೊಂದೇ ಭಾಗವಾಗಿ ಬೇರ್ಪಡಿಸಿ, ಪ್ರತಿಯೊಂದನ್ನೂ ಮೊಲಗಳಿಗೆ ತಿನ್ನಿಸಿ, ಅವುಗಳ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕಾಗುತ್ತದೆಂದು ಅಳೆಯುವುದು. ತಪ್ಪಿದರೆ ಮತ್ತೆ ಮೊದಲಿನಿಂದ. ಕಡೆಗೆ ೧೯೩೯ರ ಜೂನ್ ತಿಂಗಳಿನಲ್ಲಿ ಹೆರಾಲ್ಡ್ ಕ್ಯಾಂಪ್‌ಬೆಲ್ ಎಂಬ ಶಿಷ್ಯನು ಶುದ್ಧವಾದ ಹರಳುಗಳನ್ನು ಕಂಡನು. ತೂಕ ಬರೀ ೬ ಮಿಲಿಗ್ರಾಂ. ಸ್ಟಾಮನ್, ಹ್ಯೂಬ್ನರ್ ಮೊದಲಾದ ಶಿಷ್ಯರು ಅದರ ರಚನೆಯನ್ನು ಬಿಡಿಸಿ, ೧೯೪೦ರಲ್ಲಿ ಪ್ರಯೋಗಶಾಲೆಯಲ್ಲಿಯೇ ಅದನ್ನು ತಯಾರಿಸಿದರು. ಅದಕ್ಕೆ ಡೈಕೌಮರಾಲ್ ಎಂದು ಹೆಸರಾಯಿತು. ಸ್ವೀಟ್ ಕ್ಲೋವರಿನ ಸುವಾಸನೆಗೆ ಕಾರಣವಾದ ಕೌಮರಿನ್ ಎಂಬ ವಸ್ತುವು ರಕ್ತಕ್ಕೆ ಏನನ್ನೂ ಮಾಡದು. ಮೇವು ಕೆಡುವಾಗ ಬೂಷ್ಟು ಅದನ್ನು ಮಾರ್ಪಡಿಸಿ, ಎರಡೆರಡು ಅಣುಗಳನ್ನು ಜೋಡಿಸಿಬಿಡುತ್ತದೆ. ಆ ಜೋಡಿಯೇ ದನಗಳನ್ನು ಕೊಂದ ವಿಷ.

ದನವನ್ನು ಕೊಲ್ಲುವುದು ಮನುಷ್ಯನಿಗೆ ಮದ್ದಾಗುವುದು ಹೇಗೆ? ರಕ್ತವು ಹೆಪ್ಪುಗಟ್ಟಬಾರದ ಕಡೆ ಹೆಪ್ಪುಗಟ್ಟುವ ರೋಗಿಗೆ, ಆ ಗುಣವನ್ನು ಸ್ವಲ್ಪವೇ ತಗ್ಗಿಸುವ ವಸ್ತು ಬೇಕಾಗಿತ್ತು. ಹೆಪಾರಿನ್ ಎಂಬ ಔಷಧವು ೧೯೧೬ರ ಸುಮಾರಿಗೆ ಅಮೆರಿಕದಲ್ಲಿಯೇ ಪತ್ತೆಯಾಗಿತ್ತು. ಆದರೆ ಅದನ್ನು ಸೂಜಿಯಿಂದ ಮಾತ್ರ ಕೊಡಬಹುದಿತ್ತು. ಡೈಕೌಮರಾಲ್ ಗುಳಿಗೆಯಾಗಿ ನುಂಗುವಂಥದು. ೧೯೪೧ರಿಂದ ಮೇಯೋ ಕ್ಲಿನಿಕ್ ಮೊದಲಾದ ಕಡೆಗಳಲ್ಲಿ ವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟು ನೋಡತೊಡಗಿದರು. ಮಾತ್ರೆ ಮೀರಿ ರಕ್ತಸ್ರಾವವಾದರೆ ಗತಿಯೇನು ಎಂಬ ಭಯಕ್ಕೂ ಲಿಂಕನ ಬಳಗದಲ್ಲಿ ಉತ್ತರವಿತ್ತು. ಕೆ ಜೀವಸತ್ವವನ್ನು ಕೊಟ್ಟರೆ ಈ ವಿಷವು ಇಳಿಯುತ್ತದೆಂದು ಅವರು ಪ್ರಾಣಿಗಳಲ್ಲಿ ಕಂಡಿದ್ದರು. ಹೀಗೆ ವಿಷವನ್ನೂ ಅದರ ಮಾರಕವನ್ನೂ ಒಂದೇ ಪ್ರಯೋಗಶಾಲೆಯು ಲೋಕಕ್ಕೆ ಒಪ್ಪಿಸಿತು.

೧೯೪೫ರಲ್ಲಿ ಲಿಂಕನ ಹಳೆಯ ಕ್ಷಯವು ಮರುಕಳಿಸಿತು. ಆತನು ಕೆಲವು ತಿಂಗಳು ಆರೋಗ್ಯಧಾಮದ ಹಾಸಿಗೆಯಲ್ಲಿ ಕಳೆಯಬೇಕಾಯಿತು. ಬೇರೆ ಕೆಲಸವಿಲ್ಲದೆ ಇಲಿಗಳ ಹಾವಳಿಯ ಚರಿತ್ರೆಯನ್ನು ಓದುತ್ತ ಮಲಗಿದ್ದಾಗ, ತನ್ನ ವಸ್ತುವು ಇಲಿಪಾಷಾಣವಾಗಬಲ್ಲದೆಂದು ಹೊಳೆಯಿತು. ಹಗೇವಿನ ಜೋಳವನ್ನು ಇಲಿ ಹೆಗ್ಗಣಗಳಿಂದ ಕಾಯುವ ಕಷ್ಟವನ್ನು ನಮ್ಮ ಹಿರಿಯರು ಬಲ್ಲರು. ಇಲಿಯು ಬಹಳ ಸಂಶಯದ ಪ್ರಾಣಿ. ತಿಂದ ಕೂಡಲೇ ಹೊಟ್ಟೆ ಕೆಟ್ಟರೆ ಆ ತಿನಿಸನ್ನು ಮತ್ತೆ ಮುಟ್ಟದು. ಆದರೆ ನಿಧಾನವಾಗಿ, ನೋವಿಲ್ಲದೆ, ಕೆಲವು ದಿನಗಳ ಮೇಲೆ ಕೆಲಸ ಮಾಡುವ ವಿಷವನ್ನು ಅದು ಗುರುತಿಸಲಾರದು. ಡೈಕೌಮರಾಲ್ ಇದಕ್ಕೆ ದುರ್ಬಲವೆನಿಸಿತು. ಪ್ರಯೋಗಶಾಲೆಯಲ್ಲಿ ತಯಾರಾಗಿದ್ದ ಸುಮಾರು ೧೫೦ ಸಹೋದರ ವಸ್ತುಗಳಲ್ಲಿ ೪೨ನೆಯದು ಬಲವಾದುದೆಂದು ತೋರಿತು. ಸಂಶೋಧನೆಗೆ ಹಣ ಒದಗಿಸಿದ ವಿಸ್ಕಾನ್ಸಿನ್ನಿನ ಹಳೆಯ ವಿದ್ಯಾರ್ಥಿಗಳ ಸಂಶೋಧನ ಪ್ರತಿಷ್ಠಾನದ ಹೆಸರಿನ ಮೊದಲ ಅಕ್ಷರಗಳು ಸೇರಿ ವಾರ್ಫ್ ಎಂದಾಗುತ್ತದೆ. ಅದಕ್ಕೆ ಕೌಮರಿನ್ನಿನ ಬಾಲವನ್ನು ಜೋಡಿಸಿ ವಾರ್ಫರಿನ್ ಎಂದು ಹೆಸರಿಟ್ಟರು. ೧೯೪೮ರಲ್ಲಿ ಅದು ಇಲಿಪಾಷಾಣವಾಗಿ ಪೇಟೆಗೆ ಬಂದಿತು.

೧೯೫೧ರಲ್ಲಿ ಬದುಕಿಗೆ ಬೇಸತ್ತ ಒಬ್ಬ ಸೈನಿಕನು ಈ ಪಾಷಾಣವನ್ನು ದಿನ ದಿನವೂ ತಿಂದನು. ಆಸ್ಪತ್ರೆಯಲ್ಲಿ ರಕ್ತವನ್ನೂ ಕೆ ಜೀವಸತ್ವವನ್ನೂ ಕೊಟ್ಟುದರಿಂದ ಪೂರ್ಣ ಗುಣ ಹೊಂದಿದನು. ಮನುಷ್ಯನಲ್ಲಿಯೂ ಇದರ ಪರಿಣಾಮವನ್ನು ಇಳಿಸಬಹುದೆಂಬ ಧೈರ್ಯವು ವೈದ್ಯರಿಗೆ ಬಂದಿತು. ೧೯೫೪ರಲ್ಲಿ ವಾರ್ಫರಿನ್ ಮನುಷ್ಯರ ಔಷಧವಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರನಿಗೆ ಹೃದಯಾಘಾತವಾದಾಗ ಆತನಿಗೂ ಇದನ್ನು ಕೊಟ್ಟರು. ಜನರಲ್ಲಿ ಉಳಿದಿದ್ದ ಅಂಜಿಕೆಯು ಅದರಿಂದ ಬಹುಮಟ್ಟಿಗೆ ಹೋಯಿತು.

ಆದರೆ ದೊಡ್ಡ ಮನುಷ್ಯನೊಬ್ಬನು ನುಂಗಿದನೆಂಬುದು ಔಷಧಕ್ಕೆ ಪ್ರಮಾಣವಲ್ಲ. ಅಂಥ ಪ್ರಮಾಣವನ್ನು ಒದಗಿಸಿದವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು. ಶ್ವಾಸಕೋಶಕ್ಕೆ ಹೆಪ್ಪು ಹೋಗಿದ್ದ ೩೫ ರೋಗಿಗಳ ಫಲಿತಾಂಶವನ್ನು ಅವರು ೧೯೬೦ರಲ್ಲಿ ಪ್ರಕಟಿಸಿದರು. ಹೆಪಾರಿನ್ನನ್ನೂ ವಾರ್ಫರಿನ್ನಿನ ಸಹೋದರನಾದ ಅಸೆನೊಕೌಮರಾಲನ್ನೂ ಪಡೆದ ೧೬ ಜನರಲ್ಲಿ ಹೆಪ್ಪಿನಿಂದ ಸತ್ತವರು ಯಾರೂ ಇಲ್ಲ. ಪಡೆಯದ ೧೯ ಜನರಲ್ಲಿ ೫ ಜನ ಹೆಪ್ಪಿನಿಂದಲೇ ತೀರಿಕೊಂಡರು. ಈ ಅಸೆನೊಕೌಮರಾಲ್ ನಮ್ಮ ದೇಶದ ಔಷಧದ ಅಂಗಡಿಗಳಲ್ಲಿ ಇಂದಿಗೂ ದೊರೆಯುತ್ತದೆ.

ಈ ಔಷಧಗಳ ಕೆಲಸದ ರೀತಿಯನ್ನು ತಿಳಿದರೆ ಅವುಗಳ ಅಪಾಯವೂ ತಿಳಿಯುತ್ತದೆ. ಹೆಪ್ಪುಗಟ್ಟಿಸುವ ಹಲವು ದ್ರವ್ಯಗಳನ್ನು ಯಕೃತ್ತು ಕೆ ಜೀವಸತ್ವದ ನೆರವಿನಿಂದ ಸಿದ್ಧಪಡಿಸುತ್ತದೆ. ಒಮ್ಮೆ ಬಳಕೆಯಾದ ಆ ಜೀವಸತ್ವವು ಮತ್ತೆ ಹೊಸದಾಗದಂತೆ ವಾರ್ಫರಿನ್ ತಡೆಯುತ್ತದೆ. ಮೊದಲೇ ರಕ್ತದಲ್ಲಿದ್ದ ದ್ರವ್ಯಗಳು ಸವೆಯುವವರೆಗೆ, ಅಂದರೆ ಸುಮಾರು ಐದು ದಿನ, ಗುಳಿಗೆಯ ಪೂರ್ಣ ಗುಣ ತೋರದು. ಆದುದರಿಂದ ಮೊದಲ ದಿನಗಳಲ್ಲಿ ಹೆಪಾರಿನ್ ಸೂಜಿಯನ್ನೂ ಜೊತೆಗೆ ಕೊಡುತ್ತಾರೆ. ಆಗಿರುವ ಹೆಪ್ಪನ್ನು ಈ ಗುಳಿಗೆ ಕರಗಿಸುವುದಿಲ್ಲ. ಅದು ಬೆಳೆಯದಂತೆ, ಹೊಸದು ಆಗದಂತೆ ಕಾಯುತ್ತದೆ. ಕರಗಿಸುವ ಕೆಲಸವನ್ನು ದೇಹವೇ ಮೆಲ್ಲಗೆ ಮಾಡಿಕೊಳ್ಳುತ್ತದೆ.

ಮದ್ದಿಗೂ ವಿಷಕ್ಕೂ ನಡುವಿನ ಅಂತರ ಇಲ್ಲಿ ಬಹಳ ಕಿರಿದು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಆದುದರಿಂದ ಐ.ಎನ್.ಆರ್. ಎಂಬ ಪರೀಕ್ಷೆಯಿಂದ ರಕ್ತವನ್ನು ಆಗಾಗ ಅಳೆಯಬೇಕು. ಅಭಿಧಮನಿಯ ಹೆಪ್ಪಿನ ರೋಗಿಗಳಲ್ಲಿ ಅದು ಸಾಮಾನ್ಯವಾಗಿ ೨ರಿಂದ ೩ರ ನಡುವೆ ಇರಬೇಕು. ತಪ್ಪಲ ಪಲ್ಯಗಳಲ್ಲಿ ಕೆ ಜೀವಸತ್ವ ಹೇರಳ; ಅವುಗಳನ್ನು ಬಿಡಬೇಕಾಗಿಲ್ಲ, ಆದರೆ ಒಂದು ವಾರ ದಿನವೂ ಉಂಡು ಮರುವಾರ ಪೂರ್ತಿ ಬಿಡುವುದು ಸಲ್ಲದು. ಮೈಕೈ ನೋವಿಗೆಂದು ತಾನೇ ಗುಳಿಗೆ ತಂದು ನುಂಗುವುದು, ವೈದ್ಯರಿಗೆ ತಿಳಿಸದೆ ನಾಟಿ ಔಷಧ ಸೇರಿಸುವುದು ಪ್ರಾಣಾಪಾಯಕರ. ಗರ್ಭಿಣಿಯರಿಗೆ ವಾರ್ಫರಿನ್ನಿನಿಂದ ಶಿಶುವಿಗೆ ಹಾನಿಯಾಗಬಹುದಾದುದರಿಂದ ಹೆಪ್ಪಿನ ರೋಗಕ್ಕೆ ಹೆಪಾರಿನ್ನನ್ನೇ ಕೊಡುತ್ತಾರೆ. ಪದೇ ಪದೇ ರಕ್ತಪರೀಕ್ಷೆ ಬೇಡದ ರಿವರಾಕ್ಸಬಾನ್, ಅಪಿಕ್ಸಬಾನ್ ಮುಂತಾದ ಹೊಸ ಔಷಧಗಳು ಈ ಶತಮಾನದಲ್ಲಿ ಬಂದು ಅನೇಕರ ಹೊರೆಯನ್ನು ಇಳಿಸಿವೆ. ಆದರೂ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿ ಕೃತಕ ಲೋಹದ ಕವಾಟವನ್ನು ಹಾಕಿಸಿಕೊಂಡು ಊರಿಗೆ ಮರಳಿದವರಿಗೆ ಲಿಂಕನ ಕುಲದ ಗುಳಿಗೆಯೇ ಇಂದಿಗೂ ಆಧಾರ. ಹಳ್ಳಿಯಿಂದ ಪರೀಕ್ಷೆಗೆ ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಇವುಗಳಿಗೆ ಅಂಜಿ ಅಳತೆಯನ್ನು ತಪ್ಪಿಸಿದವನು, ತನ್ನ ಮದ್ದನ್ನು ತಾನೇ ಮರಳಿ ವಿಷವಾಗಿಸಿಕೊಂಡಂತೆ.

ಲಿಂಕನು ವೇಷದಲ್ಲಿಯೂ ನಡೆಯಲ್ಲಿಯೂ ಸ್ವತಂತ್ರ ಪುರುಷ. ಫ್ಲಾನೆಲ್ ಅಂಗಿ, ದೊಡ್ಡ ಬೋ ಟೈ, ಕೆಲವೊಮ್ಮೆ ಹೆಗಲ ಮೇಲೊಂದು ನಿಲುವಂಗಿ, ಇದು ಆತನ ಉಡುಪು. ೧೯೫೦ರ ಸುಮಾರಿಗೆ ವಿಸ್ಕಾನ್ಸಿನ್ನಿನ ಸೆನೆಟರನಾದ ಮೆಕಾರ್ಥಿಯು ಎಡಪಂಥದವರೆಂದು ಶಂಕೆ ಬಂದವರನ್ನೆಲ್ಲ ಬೇಟೆಯಾಡುತ್ತಿದ್ದನು. ಆಗ ಅಂಥ ವಿದ್ಯಾರ್ಥಿ ಸಂಘಗಳಿಗೆ ಸಲಹೆಗಾರನಾಗಿ ಲಿಂಕನು ಧೈರ್ಯದಿಂದ ತನ್ನ ಹೆಸರನ್ನು ಕೊಟ್ಟನು. ೧೯೪೬ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದನು. ೧೯೫೫ರಲ್ಲಿಯೂ ೧೯೬೦ರಲ್ಲಿಯೂ ಲಾಸ್ಕರ್ ಪಾರಿತೋಷಕವನ್ನು ಪಡೆದನು. ೧೯೭೮ರ ನವೆಂಬರ್ ೨೧ರಂದು ತೀರಿಕೊಂಡನು.

ಅಂದು ಹಿಮದಲ್ಲಿ ಬಂದ ಒಕ್ಕಲಿಗನಿಗೆ ಬೇಕಾದುದು ಆತನ ದನಗಳ ಪ್ರಾಣ. ಅದನ್ನು ಕೊಡಲು ಲಿಂಕನಿಂದ ಆಗಲಿಲ್ಲ. ಆದರೆ ಆ ಪ್ರಶ್ನೆಯು ತನ್ನ ವಿಷಯಕ್ಕೆ ಹೊರತಾದುದೆಂದು ಆತನು ಬಾಗಿಲು ಮುಚ್ಚಲಿಲ್ಲ. ವಿದ್ಯೆ ಕಲಿತು ಊರಿಗೆ ಮರಳುವ ನಮ್ಮ ಮುಂದೆಯೂ ರೈತರು ತಮ್ಮ ಪ್ರಶ್ನೆಗಳನ್ನು ಹೊತ್ತು ಬಂದೇ ಬರುತ್ತಾರೆ. ಆಗ ಉತ್ತರ ನಮ್ಮಲ್ಲಿ ಇಲ್ಲದಿರಬಹುದು. ಕೇಳಿಸಿಕೊಂಡು, ಅವರು ಬಿಟ್ಟುಹೋದುದನ್ನು ಆ ರಾತ್ರಿಯೇ ಪರೀಕ್ಷಿಸುವ ಶ್ರದ್ಧೆಯಾದರೂ ಇರಬೇಕು.