ಡಾಕ್ಟರ್ ರಖಮಾಬಾಯಿಯವರ ಜೀವನಚರಿತ್ರೆ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರ ವಿವಾಹಗಳಿಗೆ ಹೋಗುವ ಭಾಗ್ಯವು ನನಗೆ ಅನೇಕಾವರ್ತಿ ದೊರೆತಿದೆ. ದೇವಾಲಯದಲ್ಲಿ ಆರಾಧನೆ ಮುಗಿದು, ಸಭಾಪಾಲಕರು ವಧೂವರರನ್ನು ಆಶೀರ್ವದಿಸಿದ ಮೇಲೆ, ಪಕ್ಕದಲ್ಲಿ ಇಟ್ಟಿರುವ ಮೇಜಿನ ಬಳಿಗೆ ಎಲ್ಲರೂ ಹೋಗುವರು. ಅಲ್ಲಿ ದೊಡ್ಡದೊಂದು ರಿಜಿಸ್ಟರು ಪುಸ್ತಕವಿರುವುದು. 1872ರ ಕಾಯಿದೆಯ ಪ್ರಕಾರ ವಧೂವರರೂ ಇಬ್ಬರು ಸಾಕ್ಷಿಗಳೂ ಅದರಲ್ಲಿ ರುಜು ಹಾಕತಕ್ಕದ್ದು. ಒಂದು ಸಲ ಸಾಕ್ಷಿಯಾಗಿ ನಾನೇ ರುಜು ಹಾಕಿದೆನು. ವಧುವಿನ ಅಜ್ಜಿಯು ನನ್ನ ಹೆಗಲ ಮೇಲಿನಿಂದ ನೋಡುತ್ತಾ, ತನ್ನ ಮೊಮ್ಮಗಳ ಮದುವೆಯು ದೇವರ ಮುಂದೆ ಆಯಿತೋ ಈ ಪುಸ್ತಕದಲ್ಲಿ ಆಯಿತೋ ಎಂದು ನಗುತ್ತಾ ಕೇಳಿದರು. ಎರಡು ಕಡೆಯೂ ಆಯಿತೆಂದು ಹೇಳಿ ನಾನು ಜಾರಿಕೊಂಡೆನು. ಆದರೆ ಆ ಪ್ರಶ್ನೆಗಾಗಿ ತನ್ನ ಯೌವನದ ನಾಲ್ಕು ವರ್ಷಗಳನ್ನು ನ್ಯಾಯಾಸ್ಥಾನದ ಮೆಟ್ಟಿಲುಗಳಲ್ಲಿ ಕಳೆದು, ಸೆರೆಮನೆಗೂ ಸಿದ್ಧಳಾಗಿ ನಿಂತ ಒಬ್ಬ ಸ್ತ್ರೀಯಿದ್ದಳು. ಆಕೆಯ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯಬೇಕೆಂಬ ಆಸೆ ನನಗೆ ಅಂದಿನಿಂದಲೂ ಇತ್ತು.

ರಖಮಾಬಾಯಿಯು 1864ನೆಯ ಇಸವಿ ನವೆಂಬರ್ 22ನೆಯ ತಾರೀಖಿನಲ್ಲಿ ಬೊಂಬಾಯಿಯಲ್ಲಿ ಹುಟ್ಟಿದಳು. ಅವರದು ಮರಗೆಲಸದ ಸುತಾರ ಕುಲ. ತಂದೆ ಜನಾರ್ದನ ಪಾಂಡುರಂಗರು ಮಗುವು ಇನ್ನೂ ಎರಡು ವರುಷದ್ದಾಗಿದ್ದಾಗ ತೀರಿಹೋದರು. ತಾಯಿ ಜಯಂತಿಬಾಯಿಯು ಹದಿನೇಳನೆಯ ವಯಸ್ಸಿಗೇ ವಿಧವೆಯಾದಳು. ಆ ಕುಲದಲ್ಲಿ ವಿಧವೆಯರಿಗೆ ಪುನರ್ವಿವಾಹದ ಪದ್ಧತಿ ಇದ್ದುದರಿಂದ ಕೆಲವು ವರುಷಗಳ ನಂತರ ಆಕೆಯು ಡಾಕ್ಟರ್ ಸಖಾರಾಮ ಅರ್ಜುನರನ್ನು ಮದುವೆಯಾದಳು. ಹಾಗೆ ಮದುವೆಯಾಗುವಾಗ ಮೊದಲ ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದಳು. ಸಖಾರಾಮ ಅರ್ಜುನರು ಬೊಂಬಾಯಿಯ ವೈದ್ಯಕೀಯ ಕಾಲೇಜಿನಲ್ಲಿ ಬೋಧಿಸುತ್ತಿದ್ದ ವಿದ್ವಾಂಸರು. ಗಿಡಮೂಲಿಕೆಗಳ ಶಾಸ್ತ್ರದಲ್ಲಿ ಪರಿಣತರು. 1883ರಲ್ಲಿ ಆ ಊರಿನ ಪ್ರಕೃತಿ ಚರಿತ್ರೆಯ ಸಂಘವನ್ನು ಸ್ಥಾಪಿಸಿದ ಎಂಟು ಜನರಲ್ಲಿ ಭಾರತೀಯರು ಇಬ್ಬರೇ, ಅವರಲ್ಲಿ ಇವರೊಬ್ಬರು. ಮಲತಂದೆಯೆಂದರೆ ಕಥೆಗಳಲ್ಲಿ ಕ್ರೂರಿಯೇ ಆಗಿರಬೇಕೆಂದು ನಾವು ಎಣಿಸುತ್ತೇವೆ. ಈ ಮಲತಂದೆಯು ತನ್ನದಲ್ಲದ ಮಗಳಿಗೆ ಹೆತ್ತ ತಂದೆಗಿಂತ ಕಡಿಮೆಯಾಗಲಿಲ್ಲ.

ಹಾಗಿದ್ದರೂ ಊರ ಪದ್ಧತಿಯನ್ನು ಮೀರುವ ಧೈರ್ಯವು ಆ ಮನೆಗೂ ಪೂರ್ಣವಾಗಿ ಬರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ರಖಮಾಬಾಯಿಯನ್ನು ಸಖಾರಾಮರ ಸಂಬಂಧಿಯೇ ಆದ ದಾದಾಜಿ ಭಿಕಾಜಿ ಎಂಬ ಹತ್ತೊಂಬತ್ತು ವರುಷದ ಹುಡುಗನಿಗೆ ಧಾರೆಯೆರೆದು ಕೊಟ್ಟರು. ದಾದಾಜಿಯು ಮನೆಯಳಿಯನಾಗಿದ್ದು ವಿದ್ಯೆ ಕಲಿತು ಯೋಗ್ಯನಾಗಬೇಕೆಂಬುದು ಒಪ್ಪಂದ. ಹುಡುಗಿಯು ಪಾಠಶಾಲೆ ಬಿಟ್ಟಳು. (ಪ್ರತಿ ವರುಷವೂ ಟಿ.ಸಿ. ಕೇಳಿ ನನ್ನ ಮೇಜಿನ ಮುಂದೆ ನಿಲ್ಲುವ ತಂದೆಯರನ್ನು ಕಂಡಾಗ ಈ ಒಂದು ವಾಕ್ಯವು ನನಗೆ ನೆನಪಾಗುತ್ತದೆ.) ಕೆಲವು ತಿಂಗಳುಗಳಲ್ಲಿ ಹುಡುಗಿಯು ದೊಡ್ಡವಳಾದಾಗ, ಗರ್ಭಾಧಾನದ ಶಾಸ್ತ್ರ ನಡೆಯಬೇಕೆಂದು ವರನ ಕಡೆಯವರು ಅಪೇಕ್ಷಿಸಿದರು. ಸಖಾರಾಮರು ವೈದ್ಯರಾಗಿದ್ದುದರಿಂದ ಅಷ್ಟು ಎಳೆಯ ದೇಹಕ್ಕೆ ಅದರಿಂದ ಒದಗುವ ಹಾನಿಯನ್ನು ತಿಳಿದಿದ್ದರು, ಖಂಡಿತವಾಗಿ ಒಪ್ಪಲಿಲ್ಲ. ದಾದಾಜಿಯು ಓದನ್ನು ಬಿಟ್ಟು, ಮುನಿಸಿಕೊಂಡು, ತನ್ನ ಸೋದರಮಾವನ ಮನೆಗೆ ಸೇರಿಕೊಂಡನು. ಆ ಮನೆಯ ನಡತೆಯು ಒಳ್ಳೆಯದಾಗಿರಲಿಲ್ಲ. ಆತನ ಆರೋಗ್ಯವೂ ಕೆಟ್ಟಿತು, ಸಾಲವೂ ಬೆಳೆಯಿತು.

ಇತ್ತ ರಖಮಾಬಾಯಿಯು ತಾಯಿಯ ಮನೆಯಲ್ಲಿಯೇ ಇದ್ದು, ಫ್ರೀ ಚರ್ಚ್ ಮಿಶನ್ನಿನ ಪುಸ್ತಕ ಭಂಡಾರದಿಂದ ಪುಸ್ತಕಗಳನ್ನು ತರಿಸಿಕೊಂಡು ಓದಿದಳು. ಗುರುಗಳಿಲ್ಲ, ತರಗತಿಯಿಲ್ಲ, ಜೊತೆಯವರಿಲ್ಲ. ಹಗಲೆಲ್ಲಾ ಮನೆಗೆಲಸ, ಸಿಕ್ಕಿದ ಹೊತ್ತಿನಲ್ಲಿ ಇಂಗ್ಲಿಷು. ಹೀಗೆ ಕಲಿತ ಭಾಷೆಯಲ್ಲಿಯೇ ಆಕೆಯು ಮುಂದೆ 1885ರಲ್ಲಿ ಹಿಂದೂ ಮಹಿಳೆಯೆಂಬ ಗುಪ್ತನಾಮದಿಂದ ಬೊಂಬಾಯಿಯ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಗೆ ಬಾಲ್ಯವಿವಾಹವನ್ನೂ ಬಲವಂತದ ವೈಧವ್ಯವನ್ನೂ ಕುರಿತು ಪತ್ರಗಳನ್ನು ಬರೆದಳು. ಓದಿದವರು ಬೆರಗಾದರು. ಹನ್ನೊಂದನೆಯ ವರುಷಕ್ಕೆ ಶಾಲೆ ಬಿಟ್ಟವಳ ಬರೆಹವೆಂದು ನಂಬುವುದು ಅನೇಕರಿಗೆ ಕಷ್ಟವಾಯಿತು.

1884ರ ಮಾರ್ಚಿಯಲ್ಲಿ ದಾದಾಜಿಯು ವಕೀಲರ ಮೂಲಕ ನೋಟೀಸು ಕಳುಹಿಸಿದನು: ಹೆಂಡತಿಯನ್ನು ತನ್ನ ಮನೆಗೆ ಕಳುಹಿಸಿಕೊಡತಕ್ಕದ್ದು. ಆಕೆಯ ಹೆಸರಿನಲ್ಲಿದ್ದ ಆಸ್ತಿಯ ಮೇಲೆ ಆತನ ಕಣ್ಣಿತ್ತೆಂಬುದು ರಖಮಾಬಾಯಿಯ ಪಕ್ಷದವರ ವಾದ. ಆಕೆಯು ಹೋಗುವುದಿಲ್ಲವೆಂದಳು. ಆಗ ಆತನು ಬೊಂಬಾಯಿಯ ಹೈಕೋರ್ಟಿನಲ್ಲಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಗಾಗಿ ದಾವೆ ಹೂಡಿದನು.

ಈ ದಾವೆಯ ಸ್ವರೂಪವನ್ನು ತುಸು ವಿವರಿಸಬೇಕು, ಏಕೆಂದರೆ ಸಂಗತಿಯ ಗಂಟು ಇಲ್ಲಿಯೇ ಇದೆ. ಹಿಂದೂ ಧರ್ಮಶಾಸ್ತ್ರದಲ್ಲಿ ವಿವಾಹವು ಒಂದು ಸಂಸ್ಕಾರ. ಅಗ್ನಿಸಾಕ್ಷಿಯಾಗಿ ವಿಧಿಗಳು ನಡೆದವೆಂದರೆ ವಿವಾಹವಾಯಿತು. ಕನ್ಯೆಯ ಒಪ್ಪಿಗೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ, ದಾನವಾಗುವ ವಸ್ತುವಿನ ಒಪ್ಪಿಗೆಯನ್ನು ಕೇಳುವ ವಾಡಿಕೆಯಿಲ್ಲ. ಇಂಗ್ಲೆಂಡಿನ ಕಾಯಿದೆಯ ದೃಷ್ಟಿಯಲ್ಲಾದರೋ ವಿವಾಹವು ವಯಸ್ಸು ಬಂದ ಇಬ್ಬರು ಮನಸಾರೆ ಮಾಡಿಕೊಳ್ಳುವ ಕರಾರು. ಆದರೆ ಗಂಡನನ್ನೋ ಹೆಂಡತಿಯನ್ನೋ ಬಲವಂತವಾಗಿ ಮನೆಗೆ ಕರೆತರಿಸುವ ಈ ದಾವೆಯು ಧರ್ಮಶಾಸ್ತ್ರದಿಂದ ಬಂದುದಲ್ಲ. ಅದು ಬಂದುದು ಇಂಗ್ಲೆಂಡಿನ ಬಿಷಪ್ಪರ ನ್ಯಾಯಸಭೆಗಳಿಂದ. ಅಂದರೆ, ಒಪ್ಪಿಕೊಳ್ಳಲು ಸಂಕೋಚವಾದರೂ ಹೇಳಬೇಕು, ನಮ್ಮ ಕ್ರೈಸ್ತ ಸಭೆಯ ಮನೆಯಿಂದಲೇ. ಸತಿಪತಿಗಳು ಅಗಲಿರುವುದು ಪಾಪವೆಂದು ಆ ಸಭೆಗಳು ಅವರನ್ನು ಕೂಡಿಸುತ್ತಿದ್ದವು. 1857ರಲ್ಲಿ ಆ ಅಧಿಕಾರವು ಬಿಷಪ್ಪರಿಂದ ಸರಕಾರದ ಕೋರ್ಟಿಗೆ ಹೋಯಿತು. ಆಜ್ಞೆಯನ್ನು ಮೀರಿದವರನ್ನು ಸೆರೆಗೆ ಹಾಕುವ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ರದ್ದು ಮಾಡಿದುದು 1884ರಲ್ಲಿ, ದಾದಾಜಿಯು ನೋಟೀಸು ಕಳುಹಿಸಿದ ಅದೇ ವರುಷ. ಭಾರತದಲ್ಲಿ ಮಾತ್ರ 1882ರ ಸಿವಿಲ್ ಪ್ರೊಸೀಜರ್ ಕೋಡಿನ ಪ್ರಕಾರ ಆರು ತಿಂಗಳ ಸೆರೆವಾಸವು ಹಾಗೆಯೇ ಉಳಿದಿತ್ತು. ಒಪ್ಪಿಗೆಯಿಲ್ಲದ ಮದುವೆಯನ್ನು ಒಂದು ಮತದಿಂದ ತೆಗೆದುಕೊಂಡು, ಬಲವಂತದ ಬಾಳ್ವೆಯನ್ನು ಇನ್ನೊಂದು ಮತದಿಂದ ತೆಗೆದುಕೊಂಡು, ಎರಡನ್ನೂ ಸೇರಿಸಿ ಸರಕಾರದವರು ಒಬ್ಬ ಹುಡುಗಿಯ ತಲೆಯ ಮೇಲೆ ಹೊರಿಸಿದರು.

ಮೊದಲ ತೀರ್ಪಿನ ಹೊತ್ತಿಗೆ ಸಖಾರಾಮ ಅರ್ಜುನರು ಜೀವಿಸಿರಲಿಲ್ಲ. ರಖಮಾಬಾಯಿಯ ಬೆನ್ನಿಗೆ ತಾಯಿಯ ತಂದೆಯು ನಿಂತರು. 1885ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಪಿನ್ಹೇ ಎಂಬವರ ಮುಂದೆ ವಿಚಾರಣೆಯಾಯಿತು. ಇಬ್ಬರೂ ಒಂದು ದಿನವಾದರೂ ದಂಪತಿಗಳಾಗಿ ಬಾಳಿದವರಲ್ಲ. ಹಿಂದೆ ಇಲ್ಲದುದನ್ನು ಪುನಃ ಸ್ಥಾಪಿಸುವುದು ಹೇಗೆಂದು ಅವರು ವಿಚಾರಿಸಿದರು. ಏನೂ ತಿಳಿಯದ ಪ್ರಾಯದಲ್ಲಿ ಮದುವೆ ಮಾಡಿಕೊಟ್ಟ ಹೆಣ್ಣನ್ನು, ಅವಳು ಒಲ್ಲದ ಪುರುಷನ ಬಳಿಗೆ ಅಟ್ಟುವುದು ಕ್ರೂರವಾದ ಕೃತ್ಯವೆಂದೂ, ಹಾಗೆ ಮಾಡುವಂತೆ ಯಾವ ಕಾಯಿದೆಯೂ ತಮ್ಮನ್ನು ನಿರ್ಬಂಧಿಸುವುದಿಲ್ಲವೆಂದೂ ತೀರ್ಪಿತ್ತು, ದಾವೆಯನ್ನು ವಜಾ ಮಾಡಿದರು.

ದಾದಾಜಿಯ ಕಡೆಯವರು ಅಪೀಲು ಮಾಡಿದರು. 1886ರಲ್ಲಿ ಮುಖ್ಯ ನ್ಯಾಯಾಧೀಶ ಸಾರ್ಜೆಂಟ್ ಮತ್ತು ನ್ಯಾಯಾಧೀಶ ಬೇಲೀ ಇವರು ಪಿನ್ಹೇಯವರ ತೀರ್ಪನ್ನು ತಳ್ಳಿಹಾಕಿದರು. ಹಿಂದೂ ವಿವಾಹವು ಶಾಸ್ತ್ರವಿಧಿಗಳಿಂದಲೇ ಪೂರ್ಣವಾಗುವುದು, ಕೂಡಿ ಬಾಳಿದರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ, ವಧುವಿನ ಸಮ್ಮತಿಯೂ ಬೇಕಿಲ್ಲ ಎಂಬುದು ಅವರ ನಿರ್ಣಯದ ಸಾರ. ನ್ಯಾಯವಾಗಿ ಹೇಳುವುದಾದರೆ ಅವರನ್ನು ನಿರ್ದಯರೆಂದು ಕರೆಯುವಂತಿಲ್ಲ. ಪ್ರತಿಯೊಂದು ಮತದವರಿಗೂ ಅವರವರ ಶಾಸ್ತ್ರವನ್ನೇ ಅನ್ವಯಿಸುವೆವೆಂದು ಸರಕಾರವು ಮಾತು ಕೊಟ್ಟಿತ್ತು. ಆ ಮಾತನ್ನು ಅವರು ನಡೆಸಿದರು. ಆದರೆ ಶಾಸ್ತ್ರದಲ್ಲಿ ಸೆರೆಮನೆಯು ಎಲ್ಲಿತ್ತು?

ಈ ಪ್ರಶ್ನೆಯನ್ನು ಅಂದು ಕೇಳಿದವರು ಸುಧಾರಕರು. ತೆಲಂಗರಂಥ ವಿದ್ವಾಂಸರೂ ಮಲಬಾರಿಯಂಥ ಪತ್ರಿಕಾಕರ್ತರೂ ರಖಮಾಬಾಯಿಯ ಪಕ್ಷವನ್ನು ಹಿಡಿದರು; ಆಕೆಯ ವ್ಯಾಜ್ಯದ ವೆಚ್ಚಕ್ಕಾಗಿ ಒಂದು ಸಮಿತಿಯು ಏರ್ಪಟ್ಟಿತು. ಬಾಲ ಗಂಗಾಧರ ತಿಲಕರ ಕೇಸರಿ ಪತ್ರಿಕೆಯಾದರೋ ಆಕೆಯನ್ನು ಕಟುವಾಗಿ ಖಂಡಿಸಿತು. ಹೆಣ್ಣುಮಕ್ಕಳಿಗೆ ಇಂಗ್ಲಿಷು ಕಲಿಸಿದರೆ ಹಿಂದೂ ಮನೆತನಗಳೇ ಮುಳುಗುವವೆಂದು ಆ ಪಕ್ಷದವರು ಭಯಪಟ್ಟರು. ಇಲ್ಲಿ ಒಂದು ವಿಚಿತ್ರವನ್ನು ನೋಡಬೇಕು. ಪರಕೀಯರ ಕಾಯಿದೆಯು ನಮ್ಮ ಧರ್ಮದಲ್ಲಿ ಕೈಹಾಕಬಾರದೆಂದು ಕೂಗಿದವರೇ ಪರಕೀಯರ ಸೆರೆಮನೆಯನ್ನು ಧರ್ಮರಕ್ಷಣೆಗೆ ಕರೆದರು. ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಆಗ ಅಮೆರಿಕಾದಲ್ಲಿದ್ದರು. 1887ರಲ್ಲಿ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಅವರು ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ರಖಮಾಬಾಯಿಯ ದುಃಖವನ್ನೂ ಸೇರಿಸಿ, ಅದನ್ನು ಸಮುದ್ರದಾಚೆಯ ಜನರಿಗೆ ತಿಳಿಸಿದರು.

1887ರ ಮಾರ್ಚಿ 4ರಂದು ನ್ಯಾಯಾಧೀಶ ಫ್ಯಾರನ್ ಅವರು ಕಡೆಯ ಆಜ್ಞೆಯನ್ನು ಕೊಟ್ಟರು. ಒಂದು ತಿಂಗಳೊಳಗಾಗಿ ರಖಮಾಬಾಯಿಯು ಗಂಡನ ಮನೆಗೆ ಹೋಗತಕ್ಕದ್ದು. ತಪ್ಪಿದರೆ ಆರು ತಿಂಗಳ ಸೆರೆ. ಇಪ್ಪತ್ತೆರಡು ವರುಷದ ಆ ಹೆಣ್ಣು, ತಾನು ಆ ಮದುವೆಗೆ ಎಂದಿಗೂ ಒಪ್ಪಿದವಳಲ್ಲವಾದುದರಿಂದ ಸೆರೆವಾಸವನ್ನೇ ಅನುಭವಿಸುವೆನೆಂದು ತಿಳಿಸಿದಳು. ಕೋಪವನ್ನು ತೋರಿಸಲಿಲ್ಲ, ದಯೆಯನ್ನೂ ಬೇಡಲಿಲ್ಲ. ಸರಕಾರದವರಿಗೆ ಇದು ಬಿಸಿತುಪ್ಪವಾಯಿತು. ಆಕೆಯನ್ನು ಸೆರೆಗೆ ಹಾಕಿದರೆ ಇಂಗ್ಲೆಂಡಿನ ಜನರಿಗೆ ಮುಖ ತೋರಿಸುವಂತಿಲ್ಲ, ಹಾಕದಿದ್ದರೆ ಕೋರ್ಟಿನ ಆಜ್ಞೆಗೆ ಬೆಲೆಯಿಲ್ಲ. ಕೊನೆಗೆ 1888ರ ಜುಲೈಯಲ್ಲಿ ರಾಜಿಯಾಯಿತು. ದಾದಾಜಿಯು ಎರಡು ಸಾವಿರ ರೂಪಾಯಿಗಳನ್ನು ಪಡೆದು, ಡಿಕ್ರಿಯನ್ನು ಜಾರಿ ಮಾಡಿಸುವ ಹಕ್ಕನ್ನು ಬಿಟ್ಟುಕೊಟ್ಟನು. ಮದುವೆಯು ಮುರಿಯಿತೆಂದು ಯಾವ ಕೋರ್ಟೂ ಹೇಳಲಿಲ್ಲ. ಹೇಳಲು ಹಿಂದೂಗಳಿಗೆ ಅಂಥ ಕಾಯಿದೆಯೇ ಇರಲಿಲ್ಲ. ಪುರುಷನಿಗೆ ಇನ್ನೊಂದು ಮದುವೆಗೆ ಯಾವ ಅಡ್ಡಿಯೂ ಇರಲಿಲ್ಲ. ಆಕೆಗೆ ಎಲ್ಲಾ ಬಾಗಿಲುಗಳೂ ಮುಚ್ಚಿದ್ದವು.

ಹೀಗೆ ಮುಚ್ಚಿದ ಬಾಗಿಲಿನ ಮುಂದೆ ಕೂತು ಅಳುವ ಸ್ವಭಾವವು ರಖಮಾಬಾಯಿಯದಲ್ಲ. ಬೊಂಬಾಯಿಯ ಕಾಮಾ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಈಡಿತ್ ಪೀಚೀ ಎಂಬ ಇಂಗ್ಲಿಷ್ ಮಹಿಳೆಯು ಪ್ರೋತ್ಸಾಹವಿತ್ತು, ಧನವನ್ನೂ ಕೂಡಿಸಿಕೊಟ್ಟರು. 1889ರಲ್ಲಿ ಆಕೆಯು ಹಡಗನ್ನೇರಿ, ಲಂಡನ್ನಿನ ಸ್ತ್ರೀಯರ ವೈದ್ಯಕೀಯ ಶಾಲೆಗೆ ಸೇರಿದಳು. ಲ್ಯಾಟಿನ್ನು, ಗಣಿತ, ಅಂಗಶಾಸ್ತ್ರ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ಶಾಲೆ ಬಿಟ್ಟು ಹದಿಮೂರು ವರುಷಗಳಾಗಿದ್ದವು. 1894ರಲ್ಲಿ ವೈದ್ಯೆಯಾಗಿ ಹೊರಬಿದ್ದಳು. ಸ್ವದೇಶಕ್ಕೆ ಹಿಂದಿರುಗಿ ಸೂರತ್ತಿನ ಹೆಂಗಸರ ಆಸ್ಪತ್ರೆಯ ಭಾರವನ್ನು ವಹಿಸಿಕೊಂಡಳು, ಆಮೇಲೆ ರಾಜಕೋಟೆಗೆ ಹೋದಳು. ಎರಡು ಊರುಗಳಲ್ಲಿ ಸೇರಿ ಸುಮಾರು ಮೂವತ್ತೈದು ವರುಷಗಳ ಸೇವೆ. ಪ್ರಸೂತಿಯ ಕೊಠಡಿಯಲ್ಲಿ ಹನ್ನೆರಡು ಹದಿಮೂರರ ತಾಯಂದಿರನ್ನು ನೋಡುವಾಗಲೆಲ್ಲಾ ತನ್ನ ಮಲತಂದೆಯ ಹಟವು ತನ್ನನ್ನು ಎಂಥ ಗತಿಯಿಂದ ಉಳಿಸಿತೆಂಬುದು ಆಕೆಗೆ ಕಾಣದೆ ಇದ್ದಿರಲಾರದು.

ಆಕೆಯ ವ್ಯಾಜ್ಯವು ಎಬ್ಬಿಸಿದ ಚರ್ಚೆಯು ಸುಮ್ಮನೆ ಅಡಗಲಿಲ್ಲ. 1891ರಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಎಂಟು ವರುಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸುವ ರೆಗ್ಯುಲೇಷನ್ ಹೊರಟಿತು. ಎಂಟು ಎಂದು ಓದಿ ಇಂದಿನ ಹುಡುಗಿಯರು ನಗುವರು. ಅಂದು ಅಷ್ಟಕ್ಕೇ ದೊಡ್ಡ ಗದ್ದಲವಾಗಿತ್ತು. ದಾಂಪತ್ಯದ ಡಿಕ್ರಿಗಾಗಿ ಸೆರೆಗೆ ಹಾಕುವುದು 1923ರಲ್ಲಿ ನಿಂತಿತು. ಆದರೆ ದಾವೆಯು ನಿಲ್ಲಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 9ನೆಯ ಪ್ರಕರಣದಲ್ಲಿ ಅದಕ್ಕೆ ಪುನಃ ಸ್ಥಳ ಸಿಕ್ಕಿತು. ಕ್ರೈಸ್ತರಾದ ನಮಗೆ 1869ರ ವಿಚ್ಛೇದನ ಕಾಯಿದೆಯ 32ನೆಯ ಪ್ರಕರಣದಲ್ಲಿ ಮೊದಲೇ ಇತ್ತು. ಅದು ಹುಟ್ಟಿದ ಇಂಗ್ಲೆಂಡಿನಲ್ಲಿಯೇ 1970ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮಲ್ಲಿ 1983ರಲ್ಲಿ ಆಂಧ್ರದ ಹೈಕೋರ್ಟು ಅದನ್ನು ಸಂವಿಧಾನಕ್ಕೆ ವಿರುದ್ಧವೆಂದಿತು. ಮರುವರುಷ ಸುಪ್ರೀಂ ಕೋರ್ಟು ಆ ಅಭಿಪ್ರಾಯವನ್ನು ಒಪ್ಪದೆ ಎತ್ತಿಹಿಡಿಯಿತು.

ಇನ್ನೊಂದು ಸಂಗತಿಯುಂಟು, ಇದನ್ನು ಹೇಳಿದಾಗಲೆಲ್ಲಾ ನಮ್ಮ ಮೇಲಿನ ತರಗತಿಯ ಹುಡುಗಿಯರು ಎರಡು ಪಕ್ಷವಾಗಿ ವಾದಿಸುತ್ತಾರೆ. 1904ರಲ್ಲಿ ದಾದಾಜಿಯು ತೀರಿಕೊಂಡನು. ಆಗ ಸೂರತ್ತಿನಲ್ಲಿದ್ದ ಡಾಕ್ಟರ್ ರಖಮಾಬಾಯಿಯವರು ಹಿಂದೂ ವಿಧವೆಯರಂತೆ ಬಿಳಿಯ ಸೀರೆಯನ್ನು ಉಟ್ಟರು. ಮದುವೆಯಾಗಿಯೇ ಇಲ್ಲವೆಂದು ಸೆರೆಮನೆಗೂ ಹೆದರದವರು ವಿಧವೆಯ ವೇಷವನ್ನು ಏಕೆ ಧರಿಸಿದರೆಂದು ಕೆಲವರು ಕೇಳುತ್ತಾರೆ. ಊರಿನ ಹೆಂಗಸರು ಆಸ್ಪತ್ರೆಗೆ ಬರಲು ಹಿಂಜರಿಯಬಾರದೆಂದು ಹಾಗೆ ಮಾಡಿದರೆಂದು ಕೆಲವರ ಊಹೆ. ಕೋರ್ಟಿನವರು ಹೇಳಿದಾಗ ಒಪ್ಪದ ಸಂಬಂಧವನ್ನು, ಕೇಳುವವರು ಯಾರೂ ಇಲ್ಲದಾಗ ತಾವಾಗಿಯೇ ಒಪ್ಪಿಕೊಂಡರೆಂದು ಇನ್ನು ಕೆಲವರು. ನಾನು ಮೊದಲಲ್ಲಿ ಆ ಸೀರೆಯನ್ನು ಸೋಲೆಂದು ಎಣಿಸಿದ್ದೆನು. ಈಗ ಹಾಗೆ ಎಣಿಸುವುದಿಲ್ಲ. ಬಲವಂತ ಮಾಡುವವರು ಯಾರೂ ಇಲ್ಲದಿದ್ದಾಗ ಉಟ್ಟ ಸೀರೆ ಅದು.

ಅವರು ಕಡೆಯವರೆಗೂ ಮತವನ್ನು ಬಿಡಲಿಲ್ಲ, ಪುನಃ ಮದುವೆಯೂ ಆಗಲಿಲ್ಲ. ನಿವೃತ್ತರಾದ ಮೇಲೆ ಬೊಂಬಾಯಿಗೆ ಬಂದು ನೆಲಸಿ, ಪರ್ದಾ ಪದ್ಧತಿಯನ್ನು ತೊಡೆದುಹಾಕಬೇಕೆಂದು ಒಂದು ಪುಸ್ತಿಕೆಯನ್ನು ಬರೆದರು. 1955ರ ಮೇ 18ರಂದು ಹಿಂದೂ ವಿವಾಹ ಕಾಯಿದೆಯು ಜಾರಿಗೆ ಬಂದಿತು. ಹಿಂದೂ ಸ್ತ್ರೀಗೆ ದೇಶವೆಲ್ಲಕ್ಕೂ ಒಂದಾಗಿ ವಿಚ್ಛೇದನದ ಹಕ್ಕು ದೊರೆತುದು ಅಂದು. ಅದಾಗಿ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್ 25ರಂದು, ರಖಮಾಬಾಯಿಯವರು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.