ಹಲಸಿನ ಬೆರಟಿ ಕಾಯಿಸೋಣ ಬನ್ನಿ

ಮಕ್ಕಳೇ, ಈ ಸಂಚಿಕೆಯಲ್ಲಿ ನಿಮಗೊಂದು ಸಿಹಿಯ ಪರಿಚಯ ಮಾಡಿಕೊಡುತ್ತೇನೆ. ಮೈಸೂರು ಪಾಕು, ಧಾರವಾಡ ಪೇಡೆ, ಬೆಳಗಾವಿ ಕುಂದ ಇವುಗಳ ಹೆಸರನ್ನು ನೀವು ಕೇಳಿರುತ್ತೀರಿ. ಊರಿನಿಂದ ಬರುವವರು ಡಬ್ಬಿಗಟ್ಟಲೆ ತಂದೂ ಕೊಟ್ಟಿರುತ್ತಾರೆ. ನಾನು ಹೇಳಹೊರಟಿರುವುದು ಅಂಗಡಿಯಲ್ಲಿ ಅಪರೂಪ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ತೋಟದ ಮನೆಗಳಲ್ಲಿ ಮಳೆ ಹಿಡಿಯುವ ಮುಂಚೆ ಅದನ್ನು ಕಾಯಿಸಿ ಭರಣಿಗೆ ತುಂಬಿಡುತ್ತಾರೆ. ಹೆಸರು ಹಲಸಿನ ಬೆರಟಿ. ಕೆಲವರು ಪೆರಟಿ ಎಂದೂ ಕರೆಯುತ್ತಾರೆ. ಕೇರಳದ ಮಲಯಾಳಿಗಳಿಗೆ ಅದು ಚಕ್ಕ ವರಟ್ಟಿ. ಕಪ್ಪುಗೆಂಪು ಬಣ್ಣ, ಮೇಲೆ ತುಪ್ಪದ ಹೊಳಪು, ಡಬ್ಬಿಯ ಮುಚ್ಚಳ ತೆಗೆದರೆ ಪಕ್ಕದ ಕೋಣೆಯವರೂ ಎದ್ದು ಬರುವಂಥ ಪರಿಮಳ. ಹಣ್ಣು, ಬೆಲ್ಲ, ತುಪ್ಪ ಇಷ್ಟಿದ್ದರೆ ಸಾಕು, ಉಳಿದದ್ದೆಲ್ಲ ಮನೆಯವರ ರಟ್ಟೆಯ ಶಕ್ತಿ.

ಮೊದಲು ಹಣ್ಣಿನ ವಿಷಯ. ಹಲಸು ನಮ್ಮ ಪಶ್ಚಿಮ ಘಟ್ಟದ ಮರ. ಹಿಪ್ಪುನೇರಳೆ, ಅಂಜೂರ, ಆಲ, ಅತ್ತಿ ಎಲ್ಲ ಇದರ ಬಂಧುಗಳೇ. ಮರದಲ್ಲಿ ಬಿಡುವ ಹಣ್ಣುಗಳಲ್ಲಿ ಇದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಇನ್ನೊಂದಿಲ್ಲ. ಕೆಲವು ಹಣ್ಣು 40 ಕಿಲೋ ದಾಟುತ್ತವೆ, ಎಂದರೆ ನಿಮ್ಮಲ್ಲಿ ಹಲವರ ತೂಕಕ್ಕಿಂತ ಹೆಚ್ಚು. ಅಷ್ಟು ಭಾರವನ್ನು ಕೊಂಬೆಯ ತುದಿ ತಡೆಯುವುದಿಲ್ಲ. ಅದಕ್ಕೇ ಹಲಸು ಬೊಡ್ಡೆಯಲ್ಲಿ, ದಪ್ಪ ಕೊಂಬೆಗಳಲ್ಲಿ ಕಾಯಿ ಬಿಡುತ್ತದೆ. ಕೆಲವು ಮರಗಳಲ್ಲಿ ನೆಲಕ್ಕೆ ತಾಗಿಯೇ ಇರುತ್ತದೆ.

ಇನ್ನೊಂದು ಸಂಗತಿಯನ್ನು ನಿಮ್ಮ ವಿಜ್ಞಾನದ ಟೀಚರಿಗೂ ಹೇಳಿ. ಹಲಸಿನ ಹಣ್ಣು ಒಂದು ಹೂವಿನಿಂದ ಆದದ್ದಲ್ಲ. ನೂರಾರು ಪುಟ್ಟ ಹೂಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದು ಈ ಒಂದು ಹಣ್ಣಾಗಿದೆ. ನೀವು ತಿನ್ನುವ ಒಂದೊಂದು ತೊಳೆಯೂ ಪರಾಗ ತಾಗಿದ ಒಂದೊಂದು ಹೂವು. ತೊಳೆಗಳ ನಡುವೆ ಸಿಗುವ ಚಪ್ಪಟೆ ನಾರುಗಳು ಪರಾಗ ತಾಗದೆ ಉಳಿದ ಹೂಗಳು. ಸಿಪ್ಪೆಯ ಮೇಲಿನ ಮುಳ್ಳುಗಳಲ್ಲಿ ಒಂದೊಂದೂ ಒಂದು ಹೂವಿನ ತುದಿ. ಹಣ್ಣು ಬಿಡಿಸುವಾಗ ಇದನ್ನು ನೆನಪಿಟ್ಟುಕೊಂಡು ನೋಡಿದರೆ ಇಡೀ ಹಣ್ಣು ಬೇರೆಯೇ ರೀತಿ ಕಾಣುತ್ತದೆ. ನಿಮ್ಮಲ್ಲಿ ಮೃದಂಗವನ್ನೋ ವೀಣೆಯನ್ನೋ ಕಲಿಯುವವರಿದ್ದರೆ, ನಿಮ್ಮ ವಾದ್ಯದ ಮೈಯೂ ಬಹುಪಾಲು ಹಲಸಿನ ಮರದ್ದೇ.

ಹಲಸಿನಲ್ಲಿ ಮುಖ್ಯವಾಗಿ ಎರಡು ಬಗೆ. ಬಕ್ಕೆಯ ತೊಳೆ ಗಟ್ಟಿ, ಕಚ್ಚಿದರೆ ಕರುಂ ಎನ್ನುತ್ತದೆ. ಹಾಗೇ ತಿನ್ನಲು ಎಲ್ಲರಿಗೂ ಇದೇ ಇಷ್ಟ. ತುಳುವದ ತೊಳೆ ಮೆತ್ತಗೆ, ಬಾಯಲ್ಲಿ ಜಾರುತ್ತದೆ, ರಸ ಮೊಣಕೈವರೆಗೆ ಇಳಿಯುತ್ತದೆ. ಕೆಲವು ಊರಿನಲ್ಲಿ ಇದನ್ನು ಅಂಬಲಿ ಹಲಸು ಎನ್ನುತ್ತಾರೆ. ಪೇಟೆಯವರು ತುಳುವವನ್ನು ಕೇಳುವುದೇ ಇಲ್ಲ. ಆದರೆ ಕಡುಬಿಗೆ, ತೇಗದ ಎಲೆಯಲ್ಲಿ ಸುತ್ತಿ ಬೇಯಿಸುವ ಗಟ್ಟಿಗೆ, ಮಲೆನಾಡಿನ ಮುಳಕಕ್ಕೆ ಅದರ ರಸವೇ ಚೆನ್ನ. ಬೆರಟಿ ಎರಡರಲ್ಲೂ ಆಗುತ್ತದೆ. ನನ್ನನ್ನು ಕೇಳಿದರೆ ಬಕ್ಕೆಯ ಬೆರಟಿಗೇ ರುಚಿ ಹೆಚ್ಚು. ತುಳುವದಲ್ಲಿ ನೀರು ಜಾಸ್ತಿ, ಕಾಯಿಸುವ ಹೊತ್ತೂ ಜಾಸ್ತಿ.

ಇಷ್ಟು ಕಷ್ಟಪಟ್ಟು ಕಾಯಿಸುವುದು ಏತಕ್ಕೆ? ಕರಾವಳಿಯ ಮಳೆಯನ್ನು ನೋಡಿದರೆ ಗೊತ್ತಾಗುತ್ತದೆ. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ದಕ್ಷಿಣ ಕನ್ನಡದಲ್ಲಿ 3500 ಮಿಲಿಮೀಟರಿಗೂ ಹೆಚ್ಚು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಹಿಂದೆ ಆ ದಿನಗಳಲ್ಲಿ ಹೊಳೆ ತುಂಬಿ ದಾರಿ ಕಟ್ಟುತ್ತಿತ್ತು, ಹಿತ್ತಿಲಿನ ತರಕಾರಿ ಕೊಳೆಯುತ್ತಿತ್ತು. ಅದರಲ್ಲೂ ತುಳುವರು ಆಟಿ ಎನ್ನುವ ತಿಂಗಳು ಊಟಕ್ಕೇ ಕಷ್ಟದ ಕಾಲ. ಹಲಸು ಹಣ್ಣಾಗುವುದು ಅದಕ್ಕೆ ಸ್ವಲ್ಪ ಮೊದಲು, ಅದೂ ಒಟ್ಟಿಗೇ. ಒಂದೇ ವಾರದಲ್ಲಿ ಹತ್ತಾರು ಹಣ್ಣು. ತಿಂದು ಮುಗಿಯುವುದಿಲ್ಲ, ಇಟ್ಟರೆ ಉಳಿಯುವುದಿಲ್ಲ, ಮಳೆ ಬಿದ್ದ ಮೇಲೆ ಹಣ್ಣು ನೀರಾಗಿ ಸಪ್ಪೆಯಾಗುತ್ತದೆ. ಹಾಗಾಗಿ ಬೆಳೆದ ಕಾಯನ್ನು ಹಪ್ಪಳ ಮಾಡಿದರು, ಕಾಯಿಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರು, ಹಣ್ಣನ್ನು ಬೆರಟಿ ಕಾಯಿಸಿದರು. ಫ್ರಿಜ್ ಎಂಬುದೇ ಇಲ್ಲದ ಕಾಲದಲ್ಲಿ ಹಳ್ಳಿಯ ಹೆಂಗಸರು ಒಂದು ಹಣ್ಣನ್ನು ವರ್ಷವಿಡೀ ಉಳಿಸುವ ದಾರಿ ಕಂಡುಕೊಂಡರು. ಈ ಜಾಣ್ಮೆಯ ಬಗ್ಗೆ ನನಗೆ ಬಹಳ ಗೌರವ. ಅದನ್ನು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಬೆರಟಿ ಕಾಯಿಸುವ ದಿನ ಮನೆಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಬಾಳೆಎಲೆ ಹಾಸಿ, ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿ ಹಣ್ಣು ಕೊಯ್ಯಲು ಕೂರುತ್ತಾರೆ. ಎಣ್ಣೆ ಸವರದಿದ್ದರೆ ಮೇಣ ಅಂಟಿ ಸಾಬೂನಿಗೂ ಜಗ್ಗುವುದಿಲ್ಲ. ದೊಡ್ಡವರು ಹಣ್ಣು ಸೀಳಿ ನಡುವಿನ ಗೂಂಜನ್ನು ತೆಗೆಯುತ್ತಾರೆ. ತೊಳೆ ಬಿಡಿಸಿ ಬೇಳೆ, ಎಂದರೆ ಬೀಜ, ಬೇರೆ ಮಾಡುವುದು ಮಕ್ಕಳ ಕೆಲಸ. ಬುಟ್ಟಿಗೆ ಬೀಳುವ ತೊಳೆ ಎಷ್ಟು, ಬಾಯಿಗೆ ಹೋಗುವುದೆಷ್ಟು ಎಂದು ಯಾರೂ ಲೆಕ್ಕ ಕೇಳುವುದಿಲ್ಲ. ಹಸಿದು ಹಲಸು, ಉಂಡು ಮಾವು ಎಂಬ ಗಾದೆಯೇ ಇದೆಯಲ್ಲ, ಬೆಳಗಿನ ತಿಂಡಿ ಅಲ್ಲೇ ಆಗಿಹೋಗುತ್ತದೆ. ಬೇಳೆಯನ್ನು ಪಲ್ಯ, ಸಾಂಬಾರಿಗೆ ಎತ್ತಿಡುತ್ತಾರೆ. ಸಿಪ್ಪೆ ಹಟ್ಟಿಯ ದನಗಳಿಗೆ. ಹಣ್ಣಿನಲ್ಲಿ ಎಸೆಯುವಂಥದ್ದು ಏನೂ ಉಳಿಯುವುದಿಲ್ಲ.

ಆಮೇಲೆ ಕಟ್ಟಿಗೆ ಒಲೆ, ಅದರ ಮೇಲೆ ಅಗಲ ಬಾಯಿಯ ಕಂಚಿನ ಉರುಳಿ. ಹೆಚ್ಚಿದ ತೊಳೆಯನ್ನು ಬೇಯಿಸಿ, ನುಣ್ಣಗೆ ಅರೆದು, ಮತ್ತೆ ಉರುಳಿಗೆ ಸುರಿದು ತಿರುವುತ್ತಾರೆ. ನೀರಾರಿದ ಮೇಲೆ ಬೆಲ್ಲ, ಬೆಲ್ಲ ಹೊಂದಿಕೊಂಡ ಮೇಲೆ ತುಪ್ಪ. ತಿರುವುವುದನ್ನು ಒಂದು ಕ್ಷಣ ಬಿಟ್ಟರೂ ತಳ ಹಿಡಿಯುತ್ತದೆ, ತಳ ಹಿಡಿದರೆ ಇಡೀ ಉರುಳಿಗೆ ಸೀದ ವಾಸನೆ. ಅದಕ್ಕೇ ಒಬ್ಬರ ಕೈ ಸೋತಾಗ ಇನ್ನೊಬ್ಬರು ಸಟ್ಟುಗ ಹಿಡಿಯುತ್ತಾರೆ. ಅಜ್ಜಿಯಿಂದ ಚಿಕ್ಕಮ್ಮನಿಗೆ, ಚಿಕ್ಕಮ್ಮನಿಂದ ಮಾವನಿಗೆ, ಹೊತ್ತು ಇಳಿಯುವವರೆಗೂ. ನಡುನಡುವೆ ಮಾತು, ನಗು, ಊರ ಸುದ್ದಿ. ಬಿಸಿ ಬೆರಟಿ ಚಟಪಟ ಸಿಡಿಯುವುದರಿಂದ ಮಕ್ಕಳನ್ನು ದೂರ ಕೂರಿಸುತ್ತಾರೆ. ಕೊನೆಯಲ್ಲಿ ಉರುಳಿಗೆ ಅಂಟಿದ್ದನ್ನು ಕೆರೆದು ತಿನ್ನುವ ಹಕ್ಕು ಅವರದ್ದೇ.

ಇದು ಕೆಡದೆ ಉಳಿಯುವುದು ಹೇಗೆ? ಹಲಸಿನ ತೊಳೆಯಲ್ಲಿ ನೂರಕ್ಕೆ ಸುಮಾರು 73 ಪಾಲು ನೀರು. ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯಲು ನೀರು ಬೇಕೇ ಬೇಕು. ಗಂಟೆಗಟ್ಟಲೆ ಕಾಯಿಸಿದರೆ ಬಹುಪಾಲು ನೀರು ಆವಿಯಾಗಿ ಹೋಗುತ್ತದೆ. ಅಷ್ಟಿಷ್ಟು ಉಳಿದದ್ದನ್ನು ಹಣ್ಣಿನ ಸಕ್ಕರೆ ಮತ್ತು ಬೆಲ್ಲ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ಸೂಕ್ಷ್ಮಜೀವಿಗಳಿಗೆ ಬಿಟ್ಟುಕೊಡುವುದಿಲ್ಲ. ನೀವು ಬ್ರೆಡ್ಡಿಗೆ ಹಚ್ಚುವ ಜಾಮ್ ಉಳಿಯುವುದೂ ಇದೇ ಗುಟ್ಟಿನಿಂದ. ಹಳದಿ ಹಣ್ಣು ಕಪ್ಪುಗೆಂಪಾಗುವುದು ಸಕ್ಕರೆ ಬಿಸಿಗೆ ಕಂದುವುದರಿಂದ ಮತ್ತು ಬೆಲ್ಲದ ಬಣ್ಣದಿಂದ. ಬಣ್ಣದ ಪುಡಿ ಯಾವುದೂ ಇದಕ್ಕೆ ಬೇಡ.

ಈಗ ನಿಮ್ಮ ಮನೆಯ ಅಡುಗೆಕೋಣೆಗೆ ಬರೋಣ. ಹೊರದೇಶಗಳಲ್ಲಿರುವ ನಿಮಗೆ ಚೀನೀ ಅಥವಾ ವಿಯೆಟ್ನಾಮಿ ಅಂಗಡಿಗಳಲ್ಲಿ ತಾಜಾ ಹಲಸು ಸಿಗುತ್ತದೆ. ಅಮೆರಿಕದಲ್ಲಿರುವವರಿಗೆ ಬರುವುದು ಹೆಚ್ಚಾಗಿ ಮೆಕ್ಸಿಕೋದ ಹಣ್ಣು, ಆಸ್ಟ್ರೇಲಿಯಾದವರಿಗೆ ಕ್ವೀನ್ಸ್‌ಲ್ಯಾಂಡ್ ಮತ್ತು ಉತ್ತರ ಪ್ರಾಂತ್ಯದಲ್ಲಿ ಬೆಳೆದದ್ದು. ಇಡೀ ಹಣ್ಣು ಕೊಳ್ಳುವುದಾದರೆ ಮೂಗನ್ನು ನಂಬಿ. ಹಣ್ಣಾದದ್ದು ದೂರದಿಂದಲೇ ಘಮ್ಮೆನ್ನುತ್ತದೆ, ಮುಳ್ಳುಗಳು ಅಗಲವಾಗಿ ಬಿಡಿಸಿಕೊಂಡಿರುತ್ತವೆ, ಒತ್ತಿದರೆ ಸ್ವಲ್ಪ ಮೆದುವಾಗುತ್ತದೆ. ಮೊದಲ ಸಲಕ್ಕೆ ಬಿಡಿಸಿಟ್ಟ ತೊಳೆಯ ಡಬ್ಬಿಯೇ ಸುಲಭ. ಉಪ್ಪುನೀರಿನ ಕ್ಯಾನಿನಲ್ಲಿ ಬರುವುದು ಎಳೆ ಹಲಸು, ಅದು ಪಲ್ಯಕ್ಕೆ ಸರಿ, ಬೆರಟಿಗೆ ಆಗದು. ಲೇಟೆಕ್ಸ್ ಅಥವಾ ಬರ್ಚ್ ಮರದ ಪರಾಗದ ಅಲರ್ಜಿ ಇರುವವರು ಹಲಸು ತಿನ್ನುವ ಮುಂಚೆ ವೈದ್ಯರನ್ನು ಕೇಳಿಕೊಳ್ಳಿ.

ಬೇಳೆ ತೆಗೆದ ತೊಳೆ ಅರ್ಧ ಕಿಲೋ ಇದ್ದರೆ ಬೆಲ್ಲ 200 ಗ್ರಾಂ ಸಾಕು. ಹಣ್ಣು ತುಂಬ ಸಿಹಿಯಾಗಿದ್ದರೆ 150 ಗ್ರಾಂ ಹಾಕಿ. ತುಪ್ಪ ಮೂರು ದೊಡ್ಡ ಚಮಚ, ಏಲಕ್ಕಿ ಪುಡಿ ಕಾಲು ಚಿಕ್ಕ ಚಮಚ. ತೊಳೆಯನ್ನು ಸಣ್ಣಗೆ ಹೆಚ್ಚಿ, ಅರ್ಧ ಲೋಟ ನೀರು ಹಾಕಿ ಕುಕ್ಕರಿನಲ್ಲಿ ಎರಡು ಸೀಟಿ ಬರಿಸಿ. ಆರಿದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ದಪ್ಪ ತಳದ ಬಾಣಲೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತ ಬನ್ನಿ. ಮೊದಲ ಹದಿನೈದು ನಿಮಿಷ ಏನೂ ಆಗುತ್ತಿಲ್ಲ ಎನಿಸುತ್ತದೆ, ಬೇಸರ ಪಡಬೇಡಿ. ಮುದ್ದೆ ಗಟ್ಟಿಯಾದ ಮೇಲೆಯೇ ಪುಡಿ ಮಾಡಿದ ಬೆಲ್ಲ ಹಾಕಿ. ಬೆಲ್ಲ ಕರಗಿ ಮತ್ತೆ ನೀರಾಗುತ್ತದೆ, ಆಗಲೇ ಸಿಡಿಯುವುದೂ ಹೆಚ್ಚು. ಈ ಹಂತದಲ್ಲಿ ಸಟ್ಟುಗ ದೊಡ್ಡವರ ಕೈಯಲ್ಲೇ ಇರಲಿ, ಬಿಸಿ ಪಾಕದ ಸುಟ್ಟಗಾಯ ಬಲು ಕೆಟ್ಟದ್ದು. ತುಪ್ಪವನ್ನು ಒಂದೊಂದೇ ಚಮಚ ಸೇರಿಸಿ. ಮುದ್ದೆ ಬಾಣಲೆಯ ಅಂಚು ಬಿಟ್ಟು ಸಟ್ಟುಗದ ಹಿಂದೆಯೇ ಒಟ್ಟಾಗಿ ತಿರುಗಲು ಶುರುವಾದರೆ ಹದ ಹತ್ತಿರ ಬಂದ ಹಾಗೆ. ಒಂದು ಚೂರನ್ನು ತಟ್ಟೆಗೆ ಹಾಕಿ ಆರಿಸಿ, ತುಪ್ಪ ಸವರಿದ ಬೆರಳಲ್ಲಿ ಉರುಟಿ ನೋಡಿ. ಅಂಟದೆ ಗೋಲಿಯಾದರೆ ಏಲಕ್ಕಿ ಹಾಕಿ ಇಳಿಸಿ. ಒಟ್ಟು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

ಗೋಲಿ ಕಟ್ಟುವ ಕೆಲಸವನ್ನು ಬಿಸಿ ಆರಿದ ಮೇಲೆ ನೀವು ಮಾಡಿ. ಡಬ್ಬಿಗೆ ಹಾಕುವಾಗ ಒಂದು ಹನಿ ನೀರೂ ತಾಗಬಾರದು. ಊರಿನ ಹಾಗೆ ಗಟ್ಟಿಯಾಗಿ ಕಾಯಿಸಿರುವುದಿಲ್ಲವಾದ್ದರಿಂದ ಫ್ರಿಜ್ಜಿನಲ್ಲಿಡಿ, ಒಣ ಚಮಚವನ್ನೇ ಬಳಸಿ. ಚಪಾತಿ, ದೋಸೆಗೆ ಹಚ್ಚಿಕೊಳ್ಳಬಹುದು. ಬೆರಟಿಯ ನಿಜವಾದ ಹಬ್ಬವೆಂದರೆ ಪಾಯಸ. ನಾಲ್ಕು ಚಮಚ ಬೆರಟಿಯನ್ನು ತೆಳು ತೆಂಗಿನಹಾಲಿನಲ್ಲಿ ಕದಡಿ ಕುದಿಸಿ, ಬೇಕೆನಿಸಿದರೆ ಇನ್ನಷ್ಟು ಬೆಲ್ಲ ಸೇರಿಸಿ, ಒಲೆಯಿಂದ ಇಳಿಸುವಾಗ ದಪ್ಪ ಹಾಲು ಹೊಯ್ಯಿರಿ. ಮೇಲೆ ತುಪ್ಪದಲ್ಲಿ ಹುರಿದ ತೆಂಗಿನಕಾಯಿ ಚೂರು. ಚೌತಿಗೋ ದೀಪಾವಳಿಗೋ ನಿಮ್ಮ ಕನ್ನಡ ಕೂಟದಲ್ಲಿ ಇದನ್ನು ಬಡಿಸಿದರೆ ಕರಾವಳಿಯ ಹಿರಿಯರು ಎರಡನೆಯ ಸಲ ಲೋಟ ಚಾಚುವುದು ಖಂಡಿತ.

ಇಷ್ಟು ಒಳ್ಳೆಯ ಹಣ್ಣಿಗೆ ನಮ್ಮ ಊರಿನಲ್ಲೇ ಬಹಳ ಕಾಲ ಬೆಲೆ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕೂಡುಕುಟುಂಬಗಳು ಚಿಕ್ಕವಾದವು, ಬಿಡಿಸುವ ಕೈಗಳು ಕಡಿಮೆಯಾದವು, ಮರದಡಿ ಹಣ್ಣು ಬಿದ್ದು ಕೊಳೆಯತೊಡಗಿತು. ಇದು ಸರಿಯಲ್ಲ ಎಂದು ಪಟ್ಟುಹಿಡಿದು ಬರೆದವರು ಪತ್ರಕರ್ತ ಶ್ರೀಪಡ್ರೆ. ಕಾಸರಗೋಡು ಜಿಲ್ಲೆಯವರಾದ ಅವರು ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯಲ್ಲಿ ಹಲಸಿನ ಬಗ್ಗೆ ಲೇಖನದ ಮೇಲೆ ಲೇಖನ ಪ್ರಕಟಿಸಿದರು. ಬೇರೆ ದೇಶಗಳಲ್ಲಿ ಹಲಸಿನಿಂದ ಏನೇನು ಮಾಡುತ್ತಾರೆಂದು ಹುಡುಕಿ ತಂದು ರೈತರಿಗೆ ತಿಳಿಸಿದರು. ಈಗ ಕರ್ನಾಟಕದ ಹಲವು ಊರುಗಳಲ್ಲಿ ಹಲಸಿನ ಮೇಳ ನಡೆಯುತ್ತದೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತ ಎಸ್. ಕೆ. ಸಿದ್ದಪ್ಪ ಅವರು ಬೆಳೆಸಿದ ಮರವೊಂದರ ತೊಳೆ ತಾಮ್ರಗೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದಕ್ಕೆ ಅವರ ನೆನಪಿನಲ್ಲಿ ‘ಸಿದ್ದು’ ಎಂದು ಹೆಸರಿಟ್ಟು, ಅದರ ಸಸಿ ಬೆಳೆಸಿ ಹಂಚಲು 2017ರಲ್ಲಿ ಅವರ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕೇರಳ ಹಲಸನ್ನು ತನ್ನ ರಾಜ್ಯದ ಹಣ್ಣೆಂದು ಘೋಷಿಸಿತು.

ಮುಂದಿನ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು ಮೇ ತಿಂಗಳಲ್ಲಿ ಹೋದರೆ ಮೇಳವನ್ನೂ ನೋಡಬಹುದು, ಉರುಳಿಯ ಮುಂದೆಯೂ ಕೂರಬಹುದು. ಹೋಗಲಾಗದವರು ಈ ವಾರಾಂತ್ಯ ಅಜ್ಜಿಗೆ ಫೋನ್ ಮಾಡಿ. ಅವರ ಮನೆಯಲ್ಲಿ ಹಲಸಿನ ಹಣ್ಣಿನಿಂದ ಏನು ಮಾಡುತ್ತಿದ್ದರು, ಬೆಲ್ಲದ ಅಳತೆ ಎಷ್ಟು, ಹದ ನೋಡುವುದು ಹೇಗೆ ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಬರೆದದ್ದನ್ನು ಕೂಟದ ಸಂಪಾದಕರಿಗೆ ಕಳಿಸಿ, ಮುಂದಿನ ಸಂಚಿಕೆಯ ಮಕ್ಕಳ ಪುಟ ಅದಕ್ಕಾಗಿ ಕಾಯುತ್ತದೆ.