ಕಾಡಿಗೆ ಹೋದ ಪಿಯಾನೋ: ವೈದ್ಯ ಆಲ್ಬರ್ಟ್ ಶ್ವೈಟ್ಸರರ ಚರಿತ್ರೆ

ಆಫ್ರಿಕಾ ಖಂಡದ ಗಬೋನ್ ಸೀಮೆಯಲ್ಲಿ ಆಸ್ಪತ್ರೆಯನ್ನು ನಡಿಸಿದ ಆಲ್ಬರ್ಟ್ ಶ್ವೈಟ್ಸರರ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರುವರು. ಅವರು ಆ ಕಾಡಿಗೆ ಒಯ್ದ ಒಂದು ವಾದ್ಯದ ಸಂಗತಿಯನ್ನು ಬಲ್ಲವರು ಕೊಂಚವೇ. ಅದನ್ನೇ ಮುಖ್ಯವಾಗಿ ಇಲ್ಲಿ ಹೇಳುವೆವು.

ಇವರು 1875ನೆಯ ಇಸವಿ ಜನವರಿ 14ರಂದು ಆಲ್ಸೇಸ್ ಸೀಮೆಯಲ್ಲಿ ಹುಟ್ಟಿದರು. ತಂದೆಯು ಗುನ್ಸ್‌ಬಾಖ್ ಎಂಬ ಹಳ್ಳಿಯ ಸಭಾಪಾಲಕರು. ಬಾಲಕನು ಐದನೆಯ ವಯಸ್ಸಿನಲ್ಲಿ ತಂದೆಯಿಂದ ಪಿಯಾನೋ ಕಲಿತು, ಎಂಟನೆಯ ವಯಸ್ಸಿನಲ್ಲಿ ಆರ್ಗನ್ನಿನ ಮುಂದೆ ಕುಳಿತನು. ಆಗ ಅವನ ಕಾಲುಗಳು ಕೆಳಗಿನ ಮೆಟ್ಟುಪಟ್ಟಿಗಳನ್ನು ಮುಟ್ಟುವುದೇ ಕಷ್ಟವಾಗಿತ್ತು. ಮುಂದೆ ಪ್ಯಾರಿಸಿನಲ್ಲಿ ವಿದೋರ್ ಎಂಬ ಪಂಡಿತರ ಶಿಷ್ಯರಾಗಿ, ಬಾಖ್ ಎಂಬ ಸಂಗೀತಗಾರರ ಕೃತಿಗಳನ್ನು ನುಡಿಸುವುದರಲ್ಲಿ ಬಹಳ ಖ್ಯಾತಿ ಪಡೆದರು. ದೈವಜ್ಞಾನಶಾಸ್ತ್ರದಲ್ಲಿಯೂ ಅಧ್ಯಾಪಕರಾದರು. ಹೀಗಿರಲಾಗಿ 1905ರಲ್ಲಿ, ಮೂವತ್ತು ವರುಷದವರಾಗಿ, ಆಫ್ರಿಕಾಕ್ಕೆ ಹೋಗುವ ಸಲುವಾಗಿ ವೈದ್ಯಶಾಸ್ತ್ರವನ್ನು ಕಲಿಯಲಾರಂಭಿಸಿದರು. ಆರ್ಗನ್ನನ್ನು ಬಿಟ್ಟುಬಿಡಬೇಕಾಗುವದೆಂದು ಅವರು ಎಣಿಸಿದ್ದರು.

ಆದರೆ ಪ್ಯಾರಿಸಿನ ಬಾಖ್ ಸಂಘದವರು ತಮ್ಮ ಆರ್ಗನ್ ವಾದಕರಾಗಿದ್ದ ಇವರಿಗೆ ಒಂದು ವಿಶೇಷವಾದ ಪಿಯಾನೋವನ್ನು ದಾನ ಮಾಡಿದರು. ಉಷ್ಣದೇಶಕ್ಕೆ ತಕ್ಕಂತೆ ಕಟ್ಟಿದ ಅದನ್ನು ಒಳಗೆ ಸತುವಿನ ತಗಡು ಹೊದಿಸಿದ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರು. ಅಡಿಯಲ್ಲಿ ಆರ್ಗನ್ನಿನಂತೆಯೇ ಕಾಲ್ಪಟ್ಟಿಗಳಿದ್ದವು.

ಇದೇಕೆಂದು ಓದುಗರು ಕೇಳಬಹುದು. ಪಿಯಾನೋವಿನ ಪಟ್ಟಿಯನ್ನು ಒತ್ತಿದರೆ ಒಳಗಿನ ಸಣ್ಣ ಸುತ್ತಿಗೆಯು ತಂತಿಯನ್ನು ಬಡಿಯುವದು. ಬೆರಳು ಬಲವಾಗಿ ಬಿದ್ದರೆ ನಾದವು ದೊಡ್ಡದು, ಮೆಲ್ಲಗೆ ಬಿದ್ದರೆ ಸಣ್ಣದು. ಬೆರಳನ್ನು ಹಿಡಿದೇ ಇದ್ದರೂ ನಾದವು ಕ್ರಮೇಣ ಅಡಗುವದು. ಆರ್ಗನ್ನಿನಲ್ಲಾದರೋ ಪಟ್ಟಿಯು ಗಾಳಿಯ ಬಾಗಿಲನ್ನು ತೆರೆಯುವದಷ್ಟೆ. ಎಷ್ಟು ಬಲವಾಗಿ ಒತ್ತಿದರೂ ನಾದವು ಹೆಚ್ಚದು, ಬೆರಳೆತ್ತುವ ತನಕ ನಿಲ್ಲದು. ಆದ್ದರಿಂದ ಅಲ್ಲಿ ಬೆರಳನ್ನು ಎತ್ತುವದೇ ದೊಡ್ಡ ವಿದ್ಯೆ. ಕಾಲುಗಳೂ ಬೇರೆ ಸ್ವರವನ್ನು ನುಡಿಸಬೇಕು. ಹಾರ್ಮೋನಿಯಮ್ ಸಾಕಾಗಿತ್ತಲ್ಲವೇ? ಸಾಲದೆಂದು ನಮಗೆ ತೋರುತ್ತದೆ. ನಮ್ಮ ಸಭೆಗಳಲ್ಲಿರುವ ಕೈಪೆಟ್ಟಿಗೆಗೆ ಒಂದು ಕೈ ತಿದಿಗೇ ಬೇಕು. ಕಾಲಿನಿಂದ ತಿದಿ ತುಳಿಯುವ ಪೆಟ್ಟಿಗೆಯಲ್ಲಿ ಕಾಲುಗಳಿಗೆ ಬಿಡುವಿಲ್ಲ. ಪಿಯಾನೋವಿಗೆ ಗಾಳಿಯೇ ಬೇಡವಾದದರಿಂದ ಎರಡು ಕೈಗಳೂ ಎರಡು ಕಾಲುಗಳೂ ಅಭ್ಯಾಸಕ್ಕೆ ಒದಗಿದವು. ಆರ್ಗನ್ನಿನ ದೀರ್ಘನಾದವೊಂದೇ ಅದರಲ್ಲಿ ದೊರೆಯದು.

1913ರಲ್ಲಿ ಪತ್ನಿ ಹೆಲೆನೆಯವರೊಂದಿಗೆ ಅವರು ಲಾಂಬರೇನೆಯನ್ನು ಸೇರಿದರು. ಪಿಯಾನೋ ಒಂದೇ ಮರವನ್ನು ತೋಡಿ ಮಾಡಿದ ದೊಡ್ಡ ದೋಣಿಯಲ್ಲಿ ಓಗೋವೆ ನದಿಯ ಮೇಲೆ ಬಂತು. ಮೊದಲು ಅವರಿಗೆ ಅದನ್ನು ಮುಟ್ಟಲು ಮನಸ್ಸಿರಲಿಲ್ಲ. ಬೆರಳುಗಳು ಜಡವಾಗಿ ಹೋದರೆ ವಿದ್ಯೆಯನ್ನು ತೊರೆಯುವದು ಸುಲಭವಾದೀತೆಂದು ನೆನಸಿದರು. ಒಂದು ಸಾಯಂಕಾಲ ಬಾಖರ ಕೃತಿಯೊಂದನ್ನು ನುಡಿಸುತ್ತಿರುವಾಗ ಆ ಯೋಚನೆಯು ಬದಲಾಯಿತು. ಅಂದಿನಿಂದ, ದಿನಕ್ಕೆ ಅರ್ಧ ತಾಸು ಮಾತ್ರ ದೊರೆತರೂ ಬಿಡದೆ, ಕೃತಿಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದರು.

ಮಹಾಯುದ್ಧವು ಬಂತು. ಜರ್ಮನಿಯ ಪ್ರಜೆಗಳಾದ್ದರಿಂದ ದಂಪತಿಗಳನ್ನು 1917ರಲ್ಲಿ ಫ್ರಾನ್ಸಿಗೆ ಒಯ್ದು ಸೆರೆಯಲ್ಲಿಟ್ಟರು. ಅಲ್ಲಿ ಪಿಯಾನೋವೂ ಇಲ್ಲ. ಮೇಜನ್ನೇ ಕೈಪಟ್ಟಿಯೆಂದೂ ನೆಲವನ್ನೇ ಕಾಲ್ಪಟ್ಟಿಯೆಂದೂ ಭಾವಿಸಿ ಶಬ್ದವಿಲ್ಲದೆ ನುಡಿಸಿದರು.

ಬಿಡುಗಡೆಯಾದಾಗ ಆಸ್ಪತ್ರೆಗಾಗಿ ಮಾಡಿದ ಸಾಲವು ತಲೆಯ ಮೇಲಿತ್ತು, ದೇಹವೂ ಕ್ಷೀಣಿಸಿತ್ತು. 1920ರಲ್ಲಿ ಸ್ವೀಡನ್ ದೇಶದ ಪ್ರಧಾನ ಬಿಷಪ್ ಸೋಡರ್‌ಬ್ಲೋಮರ ಸಹಾಯದಿಂದ ಅಲ್ಲಿನ ದೇವಾಲಯಗಳಲ್ಲಿ ಆರ್ಗನ್ ನುಡಿಸಿ, ಉಪನ್ಯಾಸ ಮಾಡಿ, ಕೆಲವೇ ವಾರಗಳಲ್ಲಿ ಸಾಲದ ಬಹುಭಾಗಕ್ಕೆ ಸಾಲುವಷ್ಟು ಹಣವನ್ನು ಕೂಡಿಸಿದರು. 1924ರಲ್ಲಿ ಲಾಂಬರೇನೆಗೆ ಮರಳಿ, ಪಾಳುಬಿದ್ದ ಆಸ್ಪತ್ರೆಯನ್ನು ಪುನಃ ಕಟ್ಟಿದರು. 1965ನೆಯ ಇಸವಿ ಸೆಪ್ಟೆಂಬರ್ 4ರಂದು ಅಲ್ಲಿಯೇ ನಿದ್ರೆಹೋದರು. ಅವರ ಸಮಾಧಿಯು ಆ ನದಿಯ ದಡದಲ್ಲಿದೆ.